ಸುಮ್ಮನಿದ್ದಾಗ ಕೈಕೊಡುತ್ತಿದ್ದ ಕಂಪ್ಯೂಟರ್: ಓವರ್‌ಕ್ಲಾಕ್ ಸರಿಪಡಿಸಿದ ನನ್ನ ಅನುಭವ

ಹೊರೆ ಬಿದ್ದಾಗ ಕೈಕೊಡುವ ಕಂಪ್ಯೂಟರನ್ನು ದಾರಿಗೆ ತರುವುದು ಅಷ್ಟೇನೂ ಕಷ್ಟವಲ್ಲ. ಬಿಸಿ ಎಷ್ಟಿದೆ ನೋಡಬೇಕು, ವೋಲ್ಟೇಜ್ ನೋಡಬೇಕು, ವೇಗವನ್ನು ಒಂದಿಷ್ಟು ಇಳಿಸಬೇಕು. ಓವರ್‌ಕ್ಲಾಕ್ ಮಾಡಿದ್ದ, ಅಂದರೆ ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗಕ್ಕೆ ಹೊಂದಿಸಿದ್ದ ನನ್ನ ಯಂತ್ರದ ತಕರಾರು ಬೇರೆಯೇ ಇತ್ತು. ಪ್ರೊಸೆಸರ್‌ನ ಎಲ್ಲ ಕೋರ್‌ಗಳಿಗೂ (ಒಳಗಿನ ಲೆಕ್ಕದ ಘಟಕಗಳಿಗೂ) ಬಿಡುವಿಲ್ಲದ ಕೆಲಸ ಕೊಟ್ಟು, ಭಾರೀ ಲೆಕ್ಕಗಳಿಂದ ಪ್ರೊಸೆಸರನ್ನು ಪರೀಕ್ಷಿಸುವ ಪ್ರೈಮ್95 ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದರೂ ಬೆಳಿಗ್ಗೆ ಒಂದೇ ಒಂದು ತಪ್ಪು ಕಾಣುತ್ತಿರಲಿಲ್ಲ. ಪರೀಕ್ಷೆ ನಿಲ್ಲಿಸಿ, ಬ್ರೌಸರ್‌ನಲ್ಲಿ ಏನಾದರೂ ಓದುತ್ತ ಕುಳಿತರೆ ಪರದೆ ಥಟ್ಟನೆ ಕಪ್ಪಾಗಿ ಯಂತ್ರ ಮರುಚಾಲನೆಯಾಗುತ್ತಿತ್ತು. ವಿಂಡೋಸ್ ದೋಷವನ್ನು ತೋರಿಸುವ ನೀಲಿ ಪರದೆಯೂ ಬರುತ್ತಿರಲಿಲ್ಲ.

ಪ್ರೊಸೆಸರ್ ಎಎಮ್‌ಡಿಯ ರೈಜೆನ್ 7 5800ಎಕ್ಸ್. 8 ಕೋರ್, 16 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ). ಮೂಲ ವೇಗ 3.8 ಗಿಗಾಹರ್ಟ್ಸ್, ತಯಾರಕರು ಹೇಳುವ ಬೂಸ್ಟ್ ವೇಗ 4.7, ನಿಜವಾಗಿ ಅದಕ್ಕಿಂತ ಸ್ವಲ್ಪ ಮೇಲಕ್ಕೂ ಏರುತ್ತದೆ. ಮೆಮೊರಿಯ ವೇಗವನ್ನು ಎಕ್ಸ್‌ಎಂಪಿ (ಮೆಮೊರಿಯಲ್ಲೇ ಬರೆದಿಟ್ಟಿರುವ ಹೆಚ್ಚು ವೇಗದ ಸಿದ್ಧ ಹೊಂದಾಣಿಕೆ) ಮೂಲಕ 3600ಕ್ಕೆ ಏರಿಸಿದ್ದೆ. ಪ್ರೊಸೆಸರ್‌ನ ವಿದ್ಯುತ್ ಮತ್ತು ವೇಗದ ಮಿತಿಗಳನ್ನು ಸಡಿಲಿಸುವ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಚಾಲೂ ಮಾಡಿ, ಬೂಸ್ಟ್ ಮಿತಿಯನ್ನು 100 ಮೆಗಾಹರ್ಟ್ಸ್ ಹೆಚ್ಚಿಸಿ, ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗಳಿಗೂ ಒಟ್ಟಾಗಿ −25 ಕೊಟ್ಟಿದ್ದೆ.

ಈ −25 ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಹಿಂದೆ ಓವರ್‌ಕ್ಲಾಕ್ ಎಂದರೆ ಒಂದು ಗುಣಕ, ಒಂದು ವೋಲ್ಟೇಜ್ ಕೊಟ್ಟು ಎಲ್ಲ ಕೋರ್‌ಗಳನ್ನೂ ಅಲ್ಲಿಗೇ ಬಿಗಿಯುವುದು. ಈಗಿನ ಪ್ರೊಸೆಸರ್ ತನ್ನ ವೇಗವನ್ನು ಕ್ಷಣಕ್ಷಣಕ್ಕೂ ತಾನೇ ನಿರ್ಧರಿಸುತ್ತದೆ. ಇಂಥ ವೇಗಕ್ಕೆ ಇಷ್ಟು ವೋಲ್ಟೇಜ್ ಬೇಕು ಎಂಬ ಒಂದು ರೇಖೆ ಪ್ರತಿ ಕೋರ್‌ಗೂ ಇರುತ್ತದೆ. ಕರ್ವ್ ಆಪ್ಟಿಮೈಸರ್ ಆ ರೇಖೆಯನ್ನೇ ಕೆಳಕ್ಕೋ ಮೇಲಕ್ಕೋ ಸರಿಸುತ್ತದೆ. −30ರಿಂದ +30ರವರೆಗೆ ಅವಕಾಶ. ಎಎಮ್‌ಡಿ ಪ್ರಕಾರ ಒಂದು ಅಂಕೆಗೆ ಸುಮಾರು 3ರಿಂದ 5 ಮಿಲಿವೋಲ್ಟ್. ಅಂದರೆ −25 ಕೊಟ್ಟರೆ 75ರಿಂದ 125 ಮಿಲಿವೋಲ್ಟ್ ಕಡಿತ. ವೋಲ್ಟೇಜ್ ಇಳಿದರೆ ಬಿಸಿ ಇಳಿಯುತ್ತದೆ, ವಿದ್ಯುತ್ ಉಳಿಯುತ್ತದೆ, ಉಳಿದದ್ದನ್ನು ಬಳಸಿಕೊಂಡು ಪ್ರೊಸೆಸರ್ ಇನ್ನಷ್ಟು ವೇಗಕ್ಕೆ ಏರುತ್ತದೆ. ಪುಕ್ಕಟೆ ಲಾಭದಂತೆ ಕಾಣುವುದರಿಂದಲೇ ಜನ ಇದನ್ನು ಇಷ್ಟಪಡುತ್ತಾರೆ. ಇದೂ ಓವರ್‌ಕ್ಲಾಕ್ ಲೆಕ್ಕವೇ. ಇದರಿಂದ ಏನಾದರೂ ಹಾಳಾದರೆ ವಾರಂಟಿ ಇರುವುದಿಲ್ಲ.

ಮೊದಲು ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಹೊಂದಾಣಿಕೆಗಳ ಪರದೆಯಲ್ಲಿ) ಎಲ್ಲವನ್ನೂ ಮೂಲ ಸ್ಥಿತಿಗೆ ತಂದು ಯಂತ್ರವನ್ನು ಮಾಮೂಲಿನಂತೆ ಬಳಸಿದೆ. ಮರುಚಾಲನೆ ನಿಂತಿತು. ಅಲ್ಲಿಗೆ ಕೆಟ್ಟ ಮದರ್‌ಬೋರ್ಡ್, ಸೊರಗಿದ ಪವರ್ ಸಪ್ಲೈ ಇತ್ಯಾದಿ ಭಯಗಳು ಹಿಂದೆ ಸರಿದವು. ಆಮೇಲೆ ಬದಲಾವಣೆಗಳನ್ನು ಒಂದೊಂದಾಗಿ ವಾಪಸು ತಂದೆ, ಎರಡನ್ನು ಒಟ್ಟಿಗೆ ತರಲಿಲ್ಲ. ಎಕ್ಸ್‌ಎಂಪಿ ಮಾತ್ರ ಚಾಲೂ ಮಾಡಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೂರ್ತಿ ಓಡಿಸಿದೆ, ತಪ್ಪಿಲ್ಲ. ಓವರ್‌ಡ್ರೈವ್‌ನ ವಿದ್ಯುತ್ ಮಿತಿ ಮಾತ್ರ ಏರಿಸಿದೆ, ತೊಂದರೆಯಿಲ್ಲ. ಕರ್ವ್ ಆಪ್ಟಿಮೈಸರ್‌ನ −25 ಮಾತ್ರ ಹಾಕಿದೆ. ಸಂಜೆಯೊಳಗೆ ಪರದೆ ಕಪ್ಪಾಯಿತು. ರೈಜೆನ್ ಯಂತ್ರ ಸುಮ್ಮನಿದ್ದಾಗ ಬಿದ್ದರೆ ಬಯೋಸ್‌ನಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಎಂಬುದನ್ನು ಟಿಪಿಕಲ್ ಕರೆಂಟ್‌ಗೆ ಬದಲಿಸಿ ನೋಡುವುದು ವಾಡಿಕೆ. ಅದನ್ನೂ ಮಾಡಿದೆ, ಉಪಯೋಗವಾಗಲಿಲ್ಲ.

ವಿಂಡೋಸ್ ತನ್ನ ದೋಷಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಕರ್ನಲ್-ಪವರ್ 41 ಎಂಬ ಕೆಂಪು ಗುರುತಿನ ಸಾಲು. ಹೆಸರಿನಲ್ಲಿ ಪವರ್ ಇದೆ ಎಂದು ಹೊಸ ಪವರ್ ಸಪ್ಲೈ ಕೊಂಡವರಿದ್ದಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂಬುದಷ್ಟೇ ಅದರ ಅರ್ಥ, ಏಕೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ದಾಟಿ ಆಸುಪಾಸಿನ ಸಾಲುಗಳನ್ನು ಹುಡುಕಬೇಕು. ನನಗೆ ಸಿಕ್ಕಿದ್ದು ಯಂತ್ರಾಂಶದ ದೋಷಗಳನ್ನು ದಾಖಲಿಸುವ ವೀಆ-ಲಾಗರ್‌ನ ಸಾಲು, ಸಂಖ್ಯೆ 18. ಒಳಗೆ ಹೀಗಿತ್ತು: ವರದಿ ಮಾಡಿದ ಭಾಗ ಪ್ರೊಸೆಸರ್ ಕೋರ್, ದೋಷದ ಬಗೆ ಕ್ಯಾಶ್ ಹೈರಾರ್ಕಿ ಎರರ್, ಪ್ರೊಸೆಸರ್ ಎಪಿಐಸಿ ಐಡಿ 4.

ಕೊನೆಯ ಆ 4 ಬಂಗಾರದಂಥ ಸುಳಿವು. ಎಪಿಐಸಿ ಐಡಿ ಎಂದರೆ ಪ್ರತಿ ಥ್ರೆಡ್‌ಗೂ ಇರುವ ಗುರುತಿನ ಸಂಖ್ಯೆ. ಈ ಪ್ರೊಸೆಸರ್‌ನಲ್ಲಿ ಪ್ರತಿ ಕೋರ್‌ಗೆ ಎರಡು ಥ್ರೆಡ್ ಇರುವುದರಿಂದ ಐಡಿ 0 ಮತ್ತು 1 ಮೊದಲ ಕೋರ್‌ನವು, 2 ಮತ್ತು 3 ಎರಡನೆಯದರವು, 4 ಮತ್ತು 5 ಮೂರನೆಯದರವು. ಬಯೋಸ್ ಕೋರ್‌ಗಳನ್ನು ಸೊನ್ನೆಯಿಂದ ಎಣಿಸುವುದರಿಂದ ಅಲ್ಲಿ ಇದು ಕೋರ್ 2. ಒಂದರಿಂದ ಎಣಿಸುವ ತಂತ್ರಾಂಶಗಳೂ ಇವೆ, ಯಾವುದು ಹೇಗೆ ಎಣಿಸುತ್ತದೆ ಎಂದು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ದಾಖಲೆಗಳನ್ನು ಕೆದಕಿದೆ. ಬಹುಪಾಲು 4 ಅಥವಾ 5, ಅಲ್ಲೊಂದು ಇಲ್ಲೊಂದು 10. ಎಂಟು ಕೋರ್‌ಗಳಲ್ಲಿ ತಕರಾರು ತೆಗೆಯುತ್ತಿದ್ದುದು ಎರಡೇ.

ಅದರಲ್ಲೂ ಕೋರ್ 2 ಎಂದರೆ ಎಎಮ್‌ಡಿಯದೇ ತಂತ್ರಾಂಶವಾದ ರೈಜೆನ್ ಮಾಸ್ಟರ್‌ನಲ್ಲಿ ನಕ್ಷತ್ರ ಹಾಕಿ ತೋರಿಸುವ, ಇರುವುದರಲ್ಲೇ ಉತ್ತಮ ಎನಿಸಿಕೊಂಡ ಕೋರ್. ಉತ್ತಮವಾದದ್ದೇ ಮೊದಲು ಬೀಳುವುದು ವಿಚಿತ್ರ ಎನಿಸಬಹುದು, ಆದರೆ ಕಾರಣ ಸರಳ. ಒಂದೆರಡು ಕೋರ್‌ಗಳೇ ಮಾಡಿ ಮುಗಿಸುವ ಹಗುರ ಕೆಲಸವನ್ನೆಲ್ಲ ವಿಂಡೋಸ್ ಈ ಕೋರ್‌ಗೇ ಕೊಡುತ್ತದೆ, ಅತಿ ಹೆಚ್ಚು ವೇಗಕ್ಕೆ ಏರುವುದೂ ಇದೇ. ಕಡಿಮೆ ವೋಲ್ಟೇಜ್‌ನಲ್ಲಿ ಓಡಬಲ್ಲದು ಎಂದು ಗೊತ್ತಿದ್ದೇ ಕಾರ್ಖಾನೆಯಲ್ಲಿ ಅದರ ರೇಖೆಯನ್ನು ಬಿಗಿಯಾಗಿ ಇಟ್ಟಿರುತ್ತಾರೆ. ಇನ್ನಷ್ಟು ಕತ್ತರಿಸಲು ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಸಾಧಾರಣ ಕೋರ್‌ಗಳ ರೇಖೆಯಲ್ಲಿ ಸಡಿಲು ಹೆಚ್ಚು, ಅವು −25ನ್ನು ನಗುನಗುತ್ತ ತಡೆದುಕೊಂಡವು.

ರಾತ್ರಿಯಿಡೀ ಓಡಿದ ಪರೀಕ್ಷೆ ಏನನ್ನೂ ಹಿಡಿಯದ ಕಾರಣವೂ ಇಲ್ಲಿಯೇ ಇತ್ತು. ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವಾಗ ವಿದ್ಯುತ್ ಮಿತಿ ಅಡ್ಡ ಬರುತ್ತದೆ. 5800ಎಕ್ಸ್‌ಗೆ ಮೂಲ ಸ್ಥಿತಿಯಲ್ಲಿ ಅದು 142 ವ್ಯಾಟ್. ಮಿತಿಯನ್ನು ಏರಿಸಿದರೂ 90 ಡಿಗ್ರಿಯ ಗರಿಷ್ಠ ತಾಪಮಾನ ತಡೆಯುತ್ತದೆ. ಹಾಗಾಗಿ ನನ್ನ ಯಂತ್ರದಲ್ಲಿ ಪೂರ್ಣ ಹೊರೆಯ ವೇಗ 4.5 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಪುಟ ತೆರೆದು ಓದುವಾಗ ಒಂದೇ ಕೋರ್ ಅರೆಕ್ಷಣ 4.9 ದಾಟಿ ಏರಿ ಮತ್ತೆ ಇಳಿಯುತ್ತಿತ್ತು. ರೇಖೆಯ ಆ ತುತ್ತತುದಿಯಲ್ಲೇ ವೋಲ್ಟೇಜ್ ಸಾಲದೆ ಬರುತ್ತಿದ್ದುದು. ಇಡೀ ರಾತ್ರಿಯ ಭಾರೀ ಪರೀಕ್ಷೆ ಆ ತುದಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಸಪಾಟು ರಸ್ತೆಯಲ್ಲಿ ಎಷ್ಟೇ ಮೂಟೆ ಹೇರಿ ಓಡಿಸಿದರೂ ಘಾಟಿಯಲ್ಲಿ ಗಾಡಿ ಏನು ಮಾಡುತ್ತದೆಂದು ತಿಳಿಯುವುದಿಲ್ಲವಲ್ಲ, ಹಾಗೆ.

ಒಂದು ಬಾರಿಗೆ ಒಂದೇ ಕೋರ್‌ಗೆ ಕೆಲಸ ಕೊಟ್ಟು, ಉಳಿದವನ್ನು ಸುಮ್ಮನಿರಿಸುವ ಪರೀಕ್ಷೆ ಬೇಕಾಗಿತ್ತು. ಕೋರ್‌ಸೈಕ್ಲರ್ ಎಂಬ ಉಚಿತ ಸ್ಕ್ರಿಪ್ಟ್ ಇರುವುದೇ ಇದಕ್ಕೆ. ಪ್ರೈಮ್95ನ್ನು ಒಂದು ಕೋರ್ ಮೇಲೆ ಒಂದಷ್ಟು ನಿಮಿಷ ಓಡಿಸಿ ಮುಂದಿನದಕ್ಕೆ ಹೋಗುತ್ತದೆ, ಯಾವ ಕೋರ್ ಎಡವಿತು ಎಂದು ಕಡತದಲ್ಲಿ ಬರೆದಿಡುತ್ತದೆ. ಅದರಲ್ಲಿ ಎವಿಎಕ್ಸ್ ಎಂಬ ಭಾರದ ಲೆಕ್ಕದ ಸೂಚನೆಗಳನ್ನು ಬಿಟ್ಟು ಎಸ್‌ಎಸ್‌ಇ ಎಂಬ ಹಗುರ ಸೂಚನೆಗಳನ್ನೇ ಆರಿಸಿಕೊಳ್ಳಬೇಕು. ಅವು ಕಡಿಮೆ ವಿದ್ಯುತ್ ಎಳೆಯುವುದರಿಂದ ಕೋರ್ ತನ್ನ ಗರಿಷ್ಠ ವೇಗಕ್ಕೆ ಏರುತ್ತದೆ. ನಮಗೆ ಬೇಕಾದ ಜಾಗ ಅದೇ.

ಶುರುಮಾಡಿ ಪಕ್ಕದಲ್ಲಿ ಕುಳಿತೆ. ಕೋರ್ 0 ದಾಟಿತು, 1 ದಾಟಿತು. ಕೋರ್ 2 ಬಂದು ಅರ್ಧ ನಿಮಿಷವೂ ಆಗಿರಲಿಲ್ಲ, ಕೆಂಪು ಅಕ್ಷರದಲ್ಲಿ ತಪ್ಪು ಮೂಡಿತು: ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು. ಪ್ರೈಮ್95 ಇರುವುದು ಮೂಲತಃ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು. ಬೃಹತ್ ಸಂಖ್ಯೆಗಳನ್ನು ಅದು ದಶಮಾಂಶದ ಲೆಕ್ಕದಲ್ಲಿ ಗುಣಿಸುತ್ತದೆ, ಉತ್ತರ ಮಾತ್ರ ಪೂರ್ಣಾಂಕವೇ ಆಗಬೇಕು. ಸಿಕ್ಕ ಉತ್ತರ ಹತ್ತಿರದ ಪೂರ್ಣಾಂಕದಿಂದ ಎಷ್ಟು ದೂರವಿದೆ ಎಂದು ಅಳೆಯುತ್ತ ಹೋಗುತ್ತದೆ. 0.5 ಎಂದರೆ ಎರಡು ಪೂರ್ಣಾಂಕಗಳ ನಟ್ಟನಡುವೆ, ಯಾವುದು ಸರಿ ಎಂದು ಹೇಳುವಂತಿಲ್ಲ. ಕೋರ್ ಲೆಕ್ಕ ತಪ್ಪಿದೆ. ಯಂತ್ರ ಬೀಳಲಿಲ್ಲ, ಪರದೆ ಕಪ್ಪಾಗಲಿಲ್ಲ, ಮೌಸ್ ಕೂಡ ಸರಾಗವಾಗಿ ಓಡುತ್ತಿತ್ತು. ನಿಜ ಹೇಳಬೇಕೆಂದರೆ ಮರುಚಾಲನೆಗಿಂತ ನನಗೆ ಹೆಚ್ಚು ಭಯವಾದದ್ದು ಇದರಿಂದ. ಇಂಥ ಕೋರ್ ಒಂದು ಕಡತವನ್ನು ನಕಲು ಮಾಡುವಾಗಲೋ ಜಿಪ್ ಮಾಡುವಾಗಲೋ ಹೀಗೆಯೇ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆವತ್ತೇ ಮುಖ್ಯ ಕಡತಗಳನ್ನು ಬೇರೆ ಡಿಸ್ಕ್‌ಗೆ ಪ್ರತಿ ಮಾಡಿಟ್ಟೆ, ಅದೂ ಎಲ್ಲವನ್ನೂ ಮೂಲ ಸ್ಥಿತಿಗೆ ತಂದ ಮೇಲೆ. ವಿಂಡೋಸ್‌ನ ಎಸ್‌ಎಫ್‌ಸಿ ಎಂಬ ತಪಾಸಣೆ ಆಜ್ಞೆಯನ್ನು ಓಡಿಸಿ ವ್ಯವಸ್ಥೆಯ ಕಡತಗಳನ್ನೂ ಪರೀಕ್ಷಿಸಿಕೊಂಡೆ.

ಮುಂದಿನದು ತಾಳ್ಮೆಯ ಕೆಲಸ, ವಿವರಿಸುವಂಥದ್ದು ಹೆಚ್ಚಿಲ್ಲ. ಕರ್ವ್ ಆಪ್ಟಿಮೈಸರ್ ಅನ್ನು ಎಲ್ಲ ಕೋರ್‌ಗಳಿಗೂ ಒಂದೇ ಎಂಬುದರಿಂದ ಕೋರ್‌ಗೊಂದು ಎಂಬುದಕ್ಕೆ ಬದಲಿಸಿ, ಎಡವಿದ ಕೋರ್‌ಗೆ ಐದೈದು ಅಂಕೆ ವಾಪಸು ಕೊಡುತ್ತ, ಗಡಿ ಹತ್ತಿರವಾದಾಗ ಎರಡೆರಡು ಕೊಡುತ್ತ ಹೋದೆ. ಕೋರ್ 5 ಬೇಗನೆ −15ರಲ್ಲಿ ತೆಪ್ಪಗಾಯಿತು. ಕೋರ್ 2 ಮಾತ್ರ −5ರಲ್ಲೂ ಎಡವುತ್ತಲೇ ಇತ್ತು. ಸೊನ್ನೆಗೆ ತಂದರೆ ತಪ್ಪಿಲ್ಲದೆ ಓಡಿತು, ಆದರೆ ಆಗ ಕಡಿತದ ಲಾಭವೇ ಇಲ್ಲ.

ಅಲ್ಲಿ ಲೆಕ್ಕ ಹಾಕಬೇಕಾಯಿತು. ನಾನು ಹೆಚ್ಚಿಸಿದ್ದ 100 ಮೆಗಾಹರ್ಟ್ಸ್ ಬೂಸ್ಟ್ ಎಂದರೆ ಹತ್ತಿರ ಹತ್ತಿರ ಶೇಕಡಾ 2. ಆ 2 ಶೇಕಡಾಕ್ಕಾಗಿ ಅತ್ಯುತ್ತಮ ಕೋರ್ ತನ್ನ ರೇಖೆಯ ಅತ್ಯಂತ ಕಡಿದಾದ ಭಾಗಕ್ಕೆ ಹೋಗುತ್ತಿತ್ತು, ಅಲ್ಲಿ ಒಂದೊಂದು ಮೆಗಾಹರ್ಟ್ಸ್‌ಗೂ ವೋಲ್ಟೇಜ್ ಸುರಿಯಬೇಕು. ಬೂಸ್ಟ್ ಹೆಚ್ಚಳವನ್ನು ತೆಗೆದುಹಾಕಿದೆ. ಅದೇ ಕೋರ್ −10ರಲ್ಲಿ ಕಲ್ಲಿನಂತೆ ನಿಂತಿತು. ದಿನದ ಬಳಕೆಯಲ್ಲಿ ವ್ಯತ್ಯಾಸ ನನಗೇನೂ ಕಾಣಲಿಲ್ಲ, ಫ್ಯಾನ್ ಸದ್ದು ಮಾತ್ರ ಇಳಿಯಿತು.

ಇನ್ನೊಂದು ಮೋಸವನ್ನೂ ಹೇಳಿಬಿಡುತ್ತೇನೆ. ಉಳಿದ ಕೋರ್‌ಗಳಲ್ಲಿ ಒಂದು −30ರಲ್ಲೂ ತಪ್ಪಿಲ್ಲದೆ ಓಡುತ್ತಿತ್ತು. ಹಿಗ್ಗುವ ಮುಂಚೆ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಎಫೆಕ್ಟಿವ್ ಕ್ಲಾಕ್ ನೋಡಿದೆ. ತೋರಿಕೆಯ ವೇಗ 4.8ರ ಮೇಲಿದ್ದರೂ ನಿಜವಾಗಿ ಆಗುತ್ತಿದ್ದ ಕೆಲಸದ ವೇಗ ಅದಕ್ಕಿಂತ ಸಾಕಷ್ಟು ಕೆಳಗಿತ್ತು. ವೋಲ್ಟೇಜ್ ಕುಸಿದಾಗ ತಪ್ಪು ಮಾಡುವ ಬದಲು ಕ್ಲಾಕ್‌ನ ಮಿಡಿತವನ್ನೇ ಹಿಗ್ಗಿಸಿಕೊಂಡು ಬಚಾವಾಗುವ ಏರ್ಪಾಡು ಈ ಪ್ರೊಸೆಸರ್‌ಗಳಲ್ಲಿದೆ. ಅದಕ್ಕೆ ಕ್ಲಾಕ್ ಸ್ಟ್ರೆಚಿಂಗ್ ಎನ್ನುತ್ತಾರೆ. ಯಂತ್ರ ಸ್ಥಿರ, ಆದರೆ ನಿಧಾನ. ಆ ಕೋರನ್ನು −22ಕ್ಕೆ ತಂದಾಗ ಎರಡೂ ಅಂಕೆಗಳು ಜೊತೆಗೂಡಿದವು, ವೇಗ ಅಳೆಯುವ ಸಿನೆಬೆಂಚ್ ತಂತ್ರಾಂಶದ ಒಂಟಿ ಕೋರ್ ಅಂಕವೂ ಏರಿತು. ತಪ್ಪು ಬರಲಿಲ್ಲ ಎಂಬುದನ್ನಷ್ಟೇ ನೋಡಿ ಅಂಕೆಗಳನ್ನು ಆಳಕ್ಕೆ ಇಳಿಸುತ್ತ ಹೋಗುವವರನ್ನು ಕಂಡರೆ ನನಗೆ ಈ ಕಾರಣಕ್ಕೇ ನಂಬಿಕೆ ಬರುವುದಿಲ್ಲ.

ಕೊನೆಯ ಸುತ್ತಿನಲ್ಲಿ ಕೋರ್‌ಸೈಕ್ಲರ್‌ನಲ್ಲಿ ಹೊರೆಯನ್ನು ಆಗಾಗ ಅರೆಕ್ಷಣ ತಡೆದು ಮತ್ತೆ ಬಿಡುವ ಆಯ್ಕೆಯನ್ನು ಚಾಲೂ ಇಟ್ಟೆ. ವೋಲ್ಟೇಜ್ ಏರಿಳಿಯುವ ಕ್ಷಣದಲ್ಲೇ ಬೀಳುವ ಕೋರ್‌ಗಳಿರುತ್ತವೆ, ಒಂದೇ ಸಮನೆ ಓಡಿಸಿದರೆ ಅವು ಸಿಗುವುದಿಲ್ಲ. ಎಕ್ಸ್‌ಎಂಪಿ ವಾಪಸು ಹಾಕಿ ಇನ್ನೊಂದು ಸಲ ಎಲ್ಲವನ್ನೂ ಓಡಿಸಿದೆ. ಯಂತ್ರವನ್ನು ಸ್ಲೀಪ್‌ಗೆ ಕಳಿಸಿ ಎಬ್ಬಿಸಿ ನೋಡಿದೆ. ಇವೆಂಟ್ ವ್ಯೂವರ್‌ನಲ್ಲಿ ವೀಆ ದಾಖಲೆಗಳನ್ನಷ್ಟೇ ಸೋಸಿ ತೋರಿಸುವ ಒಂದು ನೋಟ ಮಾಡಿಟ್ಟುಕೊಂಡು ಕೆಲವು ವಾರ ಗಮನಿಸಿದೆ, 18 ಮತ್ತೆ ಬರಲಿಲ್ಲ. 19 ಬಂದಿದ್ದರೂ ಸುಮ್ಮನಿರುತ್ತಿರಲಿಲ್ಲ. ಅದು ಯಂತ್ರ ತಾನೇ ತಿದ್ದಿಕೊಂಡ ತಪ್ಪಿನ ದಾಖಲೆ, ಮೆಮೊರಿಯ ಜೊತೆಗೆ ಓಡುವ ಇನ್ಫಿನಿಟಿ ಫ್ಯಾಬ್ರಿಕ್‌ನ (ಪ್ರೊಸೆಸರ್‌ನ ಒಳಭಾಗಗಳನ್ನು ಬೆಸೆಯುವ ಸಂಪರ್ಕಜಾಲದ) ವೇಗವನ್ನು ಅತಿಯಾಗಿ ಏರಿಸಿದವರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ.

ಕೋರ್‌ಗಳ ಅಂಕೆಗಳನ್ನು ಬಯೋಸ್ ಪ್ರೊಫೈಲ್‌ನಲ್ಲಿ ಉಳಿಸಿದ್ದಲ್ಲದೆ ಕಾಗದದಲ್ಲೂ ಬರೆದು ಕ್ಯಾಬಿನೆಟ್‌ನ ಒಳಬದಿಗೆ ಅಂಟಿಸಿದ್ದೇನೆ. ಬಯೋಸ್ ಅಪ್‌ಡೇಟ್ ಮಾಡಿದರೆ ಉಳಿಸಿದ ಪ್ರೊಫೈಲ್ ಅಳಿಸಿಹೋಗಬಹುದು, ಬೂಸ್ಟ್ ವರ್ತನೆಯೂ ಬದಲಾಗಬಹುದು. ಹಾಗಾಗಿ ಅಪ್‌ಡೇಟ್ ಆದಮೇಲೆ ಹಳೆಯ ಅಂಕೆಗಳನ್ನು ಕಣ್ಣುಮುಚ್ಚಿ ತುಂಬುವುದಿಲ್ಲ, ಕೋರ್ 2ರಿಂದಲೇ ಶುರುಮಾಡಿ ಇನ್ನೊಂದು ಸುತ್ತು ಪರೀಕ್ಷೆ ಹಾಕುತ್ತೇನೆ.