ಹಾಸನದಿಂದ ರೈಲು ಟಿಕೆಟ್: ಎಐ ಕೈಲಿ ಮಾಡಿಸುವುದೇನು, ನಾವೇ ಮಾಡುವುದೇನು

ತತ್ಕಾಲ್, ಅಂದರೆ ಕೊನೆ ಗಳಿಗೆಯ ತುರ್ತು ಬುಕಿಂಗ್, ತೆರೆಯುವ ಆ ಎರಡು ನಿಮಿಷದಲ್ಲಿ ಎಐ ಯಾವ ಉಪಯೋಗಕ್ಕೂ ಬರುವುದಿಲ್ಲ. ತಾನಾಗಿ ಫಾರಂ ತುಂಬುವ, ಕ್ಯಾಪ್ಚಾ ಬಿಡಿಸುವ ಸಾಫ್ಟ್‌ವೇರ್ ರೈಲ್ವೆ ಟಿಕೆಟ್ ತಾಣವಾದ ಐಆರ್‌ಸಿಟಿಸಿಯ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಐಡಿಯೇ ಬಂದ್ ಆಗುತ್ತದೆ. ನಾನು ಎಐ ಬಳಸುವುದು ಅದಕ್ಕೂ ಮೊದಲಿನ ಲೆಕ್ಕಾಚಾರಕ್ಕೆ.

ಮೊದಲು ನಿಲ್ದಾಣ. 'ಹಾಸನದಿಂದ ಹುಬ್ಬಳ್ಳಿಗೆ ರೈಲು ಹೇಳು' ಎಂದಷ್ಟೇ ಕೇಳಿದರೆ ಒಂದೆರಡು ಹೆಸರು ಬಂದು ನಿಲ್ಲುತ್ತದೆ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ಅರಸೀಕೆರೆ, ಕಡೂರು, ಬೀರೂರಿನ ಮೇಲೆ ಹೋಗುತ್ತದೆ, ಹಾಸನ ಪಕ್ಕಕ್ಕೆ ಉಳಿಯುತ್ತದೆ. ಹಾಗಾಗಿ ನಾನು ಕೇಳುವುದು ಹೀಗೆ: 'ಹಾಸನ, ಅರಸೀಕೆರೆ ಎರಡರಿಂದಲೂ ನೋಡು. ಪ್ರತಿ ರೈಲಿನ ಸಂಖ್ಯೆ, ಹೊರಡುವ ಮೂಲ ನಿಲ್ದಾಣ, ಓಡುವ ದಿನಗಳು, ನಾನು ಹತ್ತುವ ನಿಲ್ದಾಣಕ್ಕೆ ಬರುವ ಸಮಯ ಕೊಡು. ಗೊತ್ತಿಲ್ಲದ್ದನ್ನು ಖಾಲಿ ಬಿಡು.' ಚಿಕ್ಕಮಗಳೂರಿನವರು ಕಡೂರು, ಬೀರೂರು ಎರಡನ್ನೂ ಸೇರಿಸಬೇಕು. ಖಾಲಿ ಬಿಡು ಎಂದು ಹೇಳದಿದ್ದರೆ ಇಲ್ಲದ ರೈಲನ್ನೂ ಹುಟ್ಟಿಸಿ ಕೊಡುತ್ತದೆ. ನಿಲ್ದಾಣದ ಕೋಡ್‌ಗಳಲ್ಲೂ ಹಾಗೆಯೇ: ಕಡೂರಿಗೆ ಡಿಆರ್‌ಯು, ಬೀರೂರಿಗೆ ಆರ್‌ಆರ್‌ಬಿ. ಹೆಸರಿಗೂ ಅಕ್ಷರಕ್ಕೂ ತಾಳೆಯಿಲ್ಲದ ಕಡೆ ಎಐ ಊಹೆ ಮಾಡಿಬಿಡುತ್ತದೆ. ಸಂಖ್ಯೆ 0ಯಿಂದ ಶುರುವಾಗಿದ್ದರೆ ಅದು ವಿಶೇಷ ರೈಲು, ಎಂದೋ ನಿಂತುಹೋಗಿರಲೂಬಹುದು. ಬಂದ ಪಟ್ಟಿಯ ಒಂದೊಂದು ಸಂಖ್ಯೆಯನ್ನೂ ರೈಲುಗಳ ಓಡಾಟ ತೋರಿಸುವ ರೈಲ್ವೆಯ ತಾಣ ಎನ್‌ಟಿಇಎಸ್‌ನಲ್ಲಿ ಹಾಕಿ ನೋಡದೆ ಮುಂದೆ ಹೋಗಬೇಡಿ.

ಹಾಸನದವರಿಗೆ ಹೆಚ್ಚು ಪೆಟ್ಟು ಬೀಳುವುದು ತಾರೀಖಿನಲ್ಲಿ. ಬೆಂಗಳೂರು–ಕಣ್ಣೂರು ಎಕ್ಸ್‌ಪ್ರೆಸ್, 16511, ರಾತ್ರಿ ಬೆಂಗಳೂರು ಬಿಟ್ಟು ಹಾಸನಕ್ಕೆ ಬರುವಾಗ ಮಧ್ಯರಾತ್ರಿ ದಾಟಿರುತ್ತದೆ. ನೀವು ಹತ್ತುವುದು ಭಾನುವಾರ, ರೈಲು ಹೊರಟದ್ದು ಶನಿವಾರ. ತತ್ಕಾಲ್ ದಿನವನ್ನು ಎಣಿಸುವುದು ಮೂಲ ನಿಲ್ದಾಣ ಬಿಡುವ ತಾರೀಖಿನಿಂದ ಒಂದು ದಿನ ಹಿಂದಕ್ಕೆ, ಅಂದರೆ ಶುಕ್ರವಾರ: ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11. ಸುಮ್ಮನೆ ಕೇಳಿದರೆ ಎಐ ಶನಿವಾರ ಎನ್ನುತ್ತದೆ. ಅದನ್ನು ನಂಬಿ ಕೂತರೆ ಅಷ್ಟರಲ್ಲಿ ಬರ್ತ್ ಖಾಲಿಯಾಗಿರುತ್ತದೆ. ವಾಪಸ್ ಬರುವ 16512ಕ್ಕೂ ಇದೇ ಲೆಕ್ಕ, ಅದೂ ಹಾಸನ ಮುಟ್ಟುವುದು ಮಧ್ಯರಾತ್ರಿಯ ನಂತರವೇ. 'ಮೂಲ ನಿಲ್ದಾಣ ಬಿಡುವ ತಾರೀಖು ಮೊದಲು ಬರೆ, ಆಮೇಲೆ ಒಂದು ದಿನ ಕಳೆ' ಎಂದು ಹಂತ ಬಿಡಿಸಿ ಹೇಳಿ. ಹಳೆಯ ನಿಯಮವನ್ನೂ ಅದು ಹೊಸದೆಂಬಂತೆ ಹೇಳುತ್ತದೆ: ಮುಂಗಡ ಬುಕಿಂಗ್ 120 ದಿನ ಎಂದರೆ ನಂಬಬೇಡಿ. 2024ರ ನವೆಂಬರ್ 1ರಿಂದ ಅದು 60 ದಿನ, ಪ್ರಯಾಣದ ದಿನ ಬಿಟ್ಟು.

ಎಐಯಿಂದ ನಿಜವಾದ ಲಾಭ ಸಿಗುವುದು ವೇಟಿಂಗ್ ಲಿಸ್ಟ್ ಓದುವುದರಲ್ಲಿ, ಆದರೆ ಮಾಹಿತಿ ನಮ್ಮದೇ ಆಗಿರಬೇಕು. ನಾನು ಎಕ್ಸೆಲ್‌ನಲ್ಲಿ ಒಂದು ಹಾಳೆ ಇಟ್ಟಿದ್ದೇನೆ. ರೈಲು ಸಂಖ್ಯೆ, ವಾರದ ದಿನ, ದರ್ಜೆ, ಲಿಸ್ಟಿನ ಬಗೆ, ಬುಕ್ ಮಾಡಿದಾಗಿನ ಸಂಖ್ಯೆ, ಏಳು ದಿನ ಮೊದಲಿನದು, ಮೂರು ದಿನ ಮೊದಲಿನದು, ಚಾರ್ಟ್ (ಬರ್ತ್ ಹಂಚಿಕೆಯ ಪಟ್ಟಿ) ಆದಾಗ ಏನಾಯಿತು. ಟಿಕೆಟ್ ತೆಗೆಯದೆಯೂ ಐಆರ್‌ಸಿಟಿಸಿಯಲ್ಲಿ ಸೀಟು ಹುಡುಕಿ ಸಂಖ್ಯೆ ಬರೆದುಕೊಳ್ಳಬಹುದು. 'ಜಿಎನ್‌ಡಬ್ಲ್ಯೂಎಲ್ 38/ಡಬ್ಲ್ಯೂಎಲ್ 21' ಎಂದಿದ್ದರೆ ಈಗ ಸರದಿ 21. ಹಾಳೆಗೆ ಹೋಗಬೇಕಾದ್ದು ಆ ಎರಡನೆಯ ಸಂಖ್ಯೆ. ಲಿಸ್ಟಿನ ಬಗೆಯನ್ನು ಬೇರೆ ಕಾಲಂನಲ್ಲೇ ಇಡಿ. ಜಿಎನ್, ಅಂದರೆ ಸಾಮಾನ್ಯ ಲಿಸ್ಟ್, ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಆರ್‌ಎಲ್ (ನಡುವಿನ ನಿಲ್ದಾಣಗಳ ಲಿಸ್ಟ್), ಪಿಕ್ಯೂ (ಹಲವು ನಿಲ್ದಾಣ ಹಂಚಿಕೊಳ್ಳುವ ಲಿಸ್ಟ್) ಇವಕ್ಕೆ ಕೋಟಾ ಚಿಕ್ಕದು, ಹಾಗಾಗಿ 8 ಇದ್ದರೂ ಅಲ್ಲೇ ನಿಂತುಬಿಡಬಹುದು. ಇವನ್ನು ಬೆರೆಸಿದ ಹಾಳೆ ಕೊಟ್ಟರೆ ಎಐ ಸರಾಸರಿ ತೆಗೆದು ಸುಳ್ಳು ಧೈರ್ಯ ಹೇಳುತ್ತದೆ. ಒಂದು ರೈಲಿಗೆ 30 ಸಾಲು ಆಗುವವರೆಗೆ ನಾನು ಶೇಕಡಾವಾರು ಕೇಳುವುದೇ ಇಲ್ಲ; ಅತಿ ಹೆಚ್ಚು ಎಷ್ಟು ಇಳಿದಿದೆ, ಅತಿ ಕಡಿಮೆ ಎಷ್ಟು ಎಂದಷ್ಟೇ ಕೇಳುತ್ತೇನೆ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳು, ದೀಪಾವಳಿ, ಸಾಲು ರಜೆ ಇವಕ್ಕೆ 'ಹಬ್ಬ' ಎಂದು ಗುರುತು ಹಾಕಿ ಬೇರೆಯಾಗಿ ನೋಡಬೇಕು, ಆಗ ಮಾಮೂಲಿ ದಿನಗಳ ಲೆಕ್ಕ ನಡೆಯುವುದಿಲ್ಲ.

ಹಾಸನದಿಂದ ಸಿಗುವುದು ಆರ್‌ಎಲ್ ಅಥವಾ ಪಿಕ್ಯೂ ಆಗಿದ್ದರೆ ಮೂಲ ನಿಲ್ದಾಣದಿಂದಲೇ ಟಿಕೆಟ್ ತೆಗೆದು ಬೋರ್ಡಿಂಗ್ (ಹತ್ತುವ ನಿಲ್ದಾಣ) ಹಾಸನ ಎಂದು ಹಾಕುತ್ತೇನೆ. ದುಡ್ಡು ಸ್ವಲ್ಪ ಹೆಚ್ಚು, ಆದರೆ ಜಿಎನ್ ಸಿಗುವ ಸಾಧ್ಯತೆ ಇದೆ. ಬೋರ್ಡಿಂಗ್ ಬದಲಿಸಲು ಮರೆತರೆ ಟಿಟಿಇ ನೀವು ಬಂದಿಲ್ಲವೆಂದು ಬರೆದು ಬರ್ತ್ ಬೇರೆಯವರಿಗೆ ಕೊಡಬಹುದು. ವೇಟಿಂಗ್‌ನಲ್ಲಿ ಉಳಿದವರಿಗೆ ಬೇರೆ ರೈಲಿನಲ್ಲಿ ಬರ್ತ್ ಕೊಡುವ ವಿಕಲ್ಪ್‌ಗೆ ಏಳು ರೈಲುಗಳವರೆಗೆ ಆರಿಸಬಹುದು. ಯಾವ ಏಳು ಎಂಬುದನ್ನು ಎಐ ಪಟ್ಟಿಯಿಂದ ತೆಗೆದುಕೊಳ್ಳಿ, ಆದರೆ ಬೇರೆ ರೈಲಿನಲ್ಲಿ ಬರ್ತ್ ಕೊಟ್ಟ ಮೇಲೆ ಮೊದಲಿನ ರೈಲು ಹತ್ತುವಂತಿಲ್ಲ.

ಪಾಸ್‌ವರ್ಡ್, ಒಟಿಪಿ, ಆಧಾರ್ ಕಾರ್ಡಿನ ಫೋಟೊ, ಪಿಎನ್‌ಆರ್ ಇದ್ದ ಟಿಕೆಟ್ ಇವ್ಯಾವುದನ್ನೂ ಚಾಟ್‌ಗೆ ಹಾಕಬಾರದು. ಹಾಳೆಯಲ್ಲಿ ಹೆಸರೂ ಬೇಡ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕೇಬೇಕು. ಪ್ರೊಫೈಲಿನ ಹೆಸರು ಆಧಾರ್‌ನಲ್ಲಿರುವಂತೆಯೇ ಇರದಿದ್ದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ, ವಾರ ಮೊದಲೇ ಸರಿಮಾಡಿಕೊಳ್ಳಿ. ಮನೆಯವರ ಹೆಸರು, ವಯಸ್ಸನ್ನು ಐಆರ್‌ಸಿಟಿಸಿಯ ಮಾಸ್ಟರ್ ಲಿಸ್ಟ್‌ಗೆ ಸೇರಿಸಿಟ್ಟಿರಿ. ತತ್ಕಾಲ್‌ನಲ್ಲಿ ಒಂದು ಟಿಕೆಟ್‌ಗೆ ನಾಲ್ಕೇ ಜನ, ಐದನೆಯವರಿದ್ದರೆ ಹಿಂದಿನ ರಾತ್ರಿಯೇ ಯಾರು ಯಾವ ಟಿಕೆಟ್‌ನಲ್ಲಿ ಎಂದು ಬರೆದಿಟ್ಟುಕೊಂಡು ಮಲಗಿ.