ಐಟಿಐ, ಪದವಿ, ಪರದೇಶ: ಮೂರನ್ನೂ ಒಂದೇ ಸಾಲಿನಲ್ಲಿ ಹೊಂದಿಸಿಕೊಳ್ಳುವ ಬಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಬೆಳಗಾವಿ ಸುತ್ತಮುತ್ತಲಿನ ಮನೆಗಳಲ್ಲಿ ಪಿಯುಸಿಯೋ ಐಟಿಐಯೋ ಎಂಬ ಚರ್ಚೆ ನಡೆಯುತ್ತದೆ. ಪಿಯುಸಿಗೆ ಸೇರಿದವರು ಮುಂದೆ ಓದುವವರು, ಐಟಿಐಗೆ ಸೇರಿದವರು ಓದು ಮುಗಿಸಿದವರು ಎಂಬ ಎಣಿಕೆ ಆ ಚರ್ಚೆಯ ಹಿಂದೆ ಇರುತ್ತದೆ. ಈ ಎಣಿಕೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಇನ್ನೊಂದು ದಾರಿಯಲ್ಲಿ ಎರಡು ವರ್ಷದ ಐಟಿಐ, ಅದರ ಬಲದ ಮೇಲೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆದು ಎರಡು ವರ್ಷ, ಬಳಿಕ ಡಿಪ್ಲೊಮಾ ಸಿಇಟಿ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ಸೇರಿ ಮೂರು ವರ್ಷ, ಒಟ್ಟು ಏಳು. ಒಂದೇ ಒಂದು ವರ್ಷ ಹೆಚ್ಚು ಕೊಟ್ಟವರ ಕೈಯಲ್ಲಿ ಪದವಿಯ ಜೊತೆಗೆ ಇನ್ನೆರಡು ಪ್ರಮಾಣಪತ್ರಗಳೂ, ಮಷೀನಿನ ಮುಂದೆ ನಿಂತು ಕಲಿತ ಕಸುಬೂ ಇರುತ್ತವೆ. ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿ, ಮಷೀನ್ ಶಾಪ್‌ಗಳು, ಹತ್ತರಗಿಯ ವಿಮಾನ ಬಿಡಿಭಾಗಗಳ ಘಟಕಗಳು ಇರುವ ಈ ಜಿಲ್ಲೆಯಲ್ಲಿ ಅಂಥ ಕಸುಬಿಗೆ ಬೆಲೆ ಇದ್ದೇ ಇದೆ. ಹೊರದೇಶಕ್ಕೆ ಹೋಗಬಯಸುವವರಿಗೆ ಅದರ ಬೆಲೆ ಇನ್ನೂ ಹೆಚ್ಚು.

ಆದರೆ ಹೊರದೇಶದ ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಿದಿರಿ, ಎಷ್ಟು ಕಾಲ ಮಾಡಿದಿರಿ, ಯಾರು ಮಾನ್ಯ ಮಾಡಿದ್ದಾರೆ ಎಂಬುದೇ ಮುಖ್ಯ. ಆದ್ದರಿಂದ ಹೋಗಬೇಕಾದ ದೇಶದ ನಿಯಮವನ್ನು ಮೊದಲು ಓದಿ, ಅಲ್ಲಿಂದ ಹಿಂದಕ್ಕೆ ಬಂದು ಇಲ್ಲಿಯ ಟ್ರೇಡನ್ನೂ ಕಾಲೇಜನ್ನೂ ಆರಿಸಿಕೊಳ್ಳಬೇಕು. ಬಹುತೇಕರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ.

ಇಲ್ಲಿ ಇರುವಾಗಲೇ ಮಾಡಬೇಕಾದದ್ದು

ಐಟಿಐಯಲ್ಲಿ ಟ್ರೇಡ್ ಆರಿಸುವಾಗ ಅದರ ಅವಧಿಯನ್ನು ನೋಡಿ. ಫಿಟ್ಟರ್, ಟರ್ನರ್, ಮಷಿನಿಸ್ಟ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಟ್ರೇಡುಗಳು. ವೆಲ್ಡರ್ ಒಂದು ವರ್ಷದ್ದು. ಇಲ್ಲಿಯ ಸಂಬಳದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಒಳ್ಳೆಯ ವೆಲ್ಡರ್ ಫಿಟ್ಟರನಿಗಿಂತ ಹೆಚ್ಚೇ ದುಡಿಯಬಹುದು. ಆದರೆ ಜರ್ಮನಿ 2024ರ ಜೂನ್‌ನಲ್ಲಿ ಜಾರಿಗೆ ತಂದ, ಅಲ್ಲಿಗೆ ಹೋಗಿ ಕೆಲಸ ಹುಡುಕಲು ಅವಕಾಶ ಕೊಡುವ ‘ಶಾನ್ಸೆನ್‌ಕಾರ್ಟೆ’ ಎಂಬ ಪರವಾನಗಿಗೆ, ಪದವಿ ಇಲ್ಲದವರು ತಮ್ಮ ದೇಶದ ಸರ್ಕಾರ ಮಾನ್ಯ ಮಾಡಿದ, ಕನಿಷ್ಠ ಎರಡು ವರ್ಷ ಅವಧಿಯ ವೃತ್ತಿ ತರಬೇತಿ ಮುಗಿಸಿರಬೇಕು. ಒಂದು ವರ್ಷದ ಟ್ರೇಡಿನವರು ಎಷ್ಟೇ ನಿಪುಣರಾದರೂ ಈ ಬಾಗಿಲಲ್ಲೇ ನಿಲ್ಲುತ್ತಾರೆ. ಕೆಲವು ತಿಂಗಳ ಕೌಶಲ ತರಬೇತಿಗಳ ಪ್ರಮಾಣಪತ್ರಗಳೂ ಇದೇ ಗತಿಯವು. ಡಿಪ್ಲೊಮಾದ ನೇರ ಪ್ರವೇಶಕ್ಕೂ ಎರಡು ವರ್ಷದ ಟ್ರೇಡ್ ಬೇಕಾಗುವುದರಿಂದ, ಮುಂದೆ ಓದುವ ಆಸೆ ಇರುವವರು ಒಂದು ವರ್ಷ ಉಳಿಸಲು ಹೋಗಬಾರದು.

ಐಟಿಐಯ ಬದಲು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇನ್ನೊಂದು ಒಳ್ಳೆಯ ಆಯ್ಕೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದೊಡನೆ ಬೆಂಗಳೂರಿನಲ್ಲಿ ಶುರುವಾದ ಈ ಸಂಸ್ಥೆಯ ಕೇಂದ್ರ ಬೆಳಗಾವಿಯಲ್ಲಿಯೂ ಇದೆ. ಅದರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯ ತರಬೇತಿ ಸೇರಿಕೊಂಡಿದೆ. ಓದು ಮತ್ತು ಕೆಲಸವನ್ನು ಒಂದೇ ಪಠ್ಯಕ್ರಮದಲ್ಲಿ ಹೆಣೆದ ಇಂಥ ಕೋರ್ಸನ್ನು ಹೊರದೇಶದ ಪರಿಶೀಲಕರಿಗೆ ವಿವರಿಸುವುದು ಸುಲಭ.

ಐಟಿಐ ಮಾರ್ಗದ ಒಂದು ಕೊರತೆಯನ್ನು ಇಲ್ಲಿಯೇ ತುಂಬಿಕೊಳ್ಳಬೇಕು. ಡಿಪ್ಲೊಮಾ, ಬಿ.ಇ. ಮುಗಿಸಿದರೂ ನಿಮ್ಮ ಬಳಿ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಇರುವುದಿಲ್ಲ; ಕೆಲವು ದೇಶಗಳ ವಿಶ್ವವಿದ್ಯಾಲಯಗಳು ಮತ್ತು ವೀಸಾ ಕಚೇರಿಗಳು ಅದನ್ನೇ ಮೊದಲು ಕೇಳುತ್ತವೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ, ಐಟಿಐಯ ಕಲಿಕೆಯನ್ನು ಲೆಕ್ಕಕ್ಕೆ ಹಿಡಿದು, ಉಳಿದ ಪರೀಕ್ಷೆ ಬರೆದು ಹನ್ನೆರಡನೆಯ ತರಗತಿಗೆ ಸಮನಾದ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ. ಡಿಪ್ಲೊಮಾ ಓದುವಾಗಲೇ ಅದನ್ನು ಮುಗಿಸಿಟ್ಟುಕೊಂಡರೆ ಮುಂದೆ ಹಲವು ಪತ್ರವ್ಯವಹಾರಗಳು ತಪ್ಪುತ್ತವೆ.

ಜರ್ಮನಿಯ ದಾರಿ

ವೃತ್ತಿ ತರಬೇತಿಯನ್ನೂ ಉನ್ನತ ಶಿಕ್ಷಣವನ್ನೂ ಜೋಡಿಸುವುದರಲ್ಲಿ ಜರ್ಮನಿಯಷ್ಟು ಪಳಗಿದ ದೇಶ ಅಪರೂಪ. ಅಲ್ಲಿಯ ‘ಆಸ್‌ಬಿಲ್ಡುಂಗ್’ ಎಂಬ ತರಬೇತಿಯಲ್ಲಿ ಯುವಕರು ವಾರದ ಮೂರು ನಾಲ್ಕು ದಿನ ಕಾರ್ಖಾನೆಯಲ್ಲಿ, ಉಳಿದ ದಿನ ವೃತ್ತಿಶಾಲೆಯಲ್ಲಿ ಕಲಿಯುತ್ತಾರೆ. ನಮ್ಮ ಟರ್ನರ್, ಮಷಿನಿಸ್ಟ್ ಟ್ರೇಡುಗಳಿಗೆ ಹತ್ತಿರವಾದ ಅಲ್ಲಿಯ ತರಬೇತಿ ಮೂರೂವರೆ ವರ್ಷದ್ದು. ತರಬೇತಿಯವರಿಗೆ ಕಂಪನಿಯೇ ವೇತನ ಕೊಡಬೇಕು. 2025ರಲ್ಲಿ ಆರಂಭವಾದ ತರಬೇತಿಗಳಿಗೆ ಮೊದಲ ವರ್ಷದ ಕನಿಷ್ಠ ವೇತನ ತಿಂಗಳಿಗೆ 682 ಯೂರೊ, ಲೋಹ ಉದ್ಯಮದ ಕಾರ್ಮಿಕ ಒಪ್ಪಂದಗಳಲ್ಲಿ ಅದಕ್ಕಿಂತ ಹೆಚ್ಚು.

ಬೆಳಗಾವಿಯಿಂದ ಜರ್ಮನಿಗೆ ಹೊರಡುವವರಿಗೆ ಎರಡು ಮುಖ್ಯ ದಾರಿಗಳಿವೆ. ಹದಿನೆಂಟು ಹತ್ತೊಂಬತ್ತರ ವಯಸ್ಸಿನವರು, ಜರ್ಮನ್ ಭಾಷೆಯನ್ನು ಬಿ1 ಮಟ್ಟದವರೆಗೆ, ಅಂದರೆ ದಿನಬಳಕೆಯ ಮಾತುಕತೆ ನಡೆಸುವಷ್ಟು, ಕಲಿತು, ಕಂಪನಿಯೊಂದರ ತರಬೇತಿ ಒಪ್ಪಂದ ಪಡೆದು ಮೊದಲಿನಿಂದ ಆಸ್‌ಬಿಲ್ಡುಂಗ್‌ಗೆ ಸೇರಬಹುದು. ಈಗಾಗಲೇ ಐಟಿಐ ಮುಗಿಸಿ ಕೆಲವು ವರ್ಷ ದುಡಿದವರು ಮತ್ತೆ ಮೊದಲಿನಿಂದ ಕೂರಬೇಕಾಗಿಲ್ಲ. ತಮ್ಮ ತರಬೇತಿ ಅಲ್ಲಿಯದಕ್ಕೆ ಸಮಾನವೇ ಎಂದು ಪರಿಶೀಲಿಸಲು ಅರ್ಜಿ ಹಾಕಬಹುದು. ಕೈಗಾರಿಕೆ ಮತ್ತು ವಾಣಿಜ್ಯದ ವೃತ್ತಿಗಳ ಅರ್ಜಿಗಳನ್ನು ನೋಡುವುದು ನ್ಯೂರೆಂಬರ್ಗ್‌ನಲ್ಲಿರುವ ಐಎಚ್‌ಕೆ ಫೋಸಾ ಎಂಬ ಸಂಸ್ಥೆ. 2012ರ ಏಪ್ರಿಲ್‌ನಲ್ಲಿ ಜಾರಿಯಾದ ಕಾನೂನಿನಂತೆ ಅವರು ಎರಡೂ ತರಬೇತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ನಮ್ಮ ಎರಡು ವರ್ಷವನ್ನು ಅವರ ಮೂರೂವರೆ ವರ್ಷದ ಪಕ್ಕ ಇಟ್ಟಾಗ ಅಂತರ ಕಾಣಲೇಬೇಕು. ಆದರೆ ಅದೇ ಕಾನೂನು, ಆ ಅಂತರವನ್ನು ಕೆಲಸದ ಅನುಭವದಿಂದ ತುಂಬಿಕೊಂಡಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ. ಪೂರ್ಣ ಸಮಾನತೆ ಸಿಗದೆ ಭಾಗಶಃ ಸಿಕ್ಕರೂ, ಕೊರತೆಯ ಭಾಗವನ್ನು ಜರ್ಮನಿಯಲ್ಲಿಯೇ ಕಲಿಯಲು ಪ್ರತ್ಯೇಕ ವೀಸಾ ಇದೆ.

ನಮ್ಮವರು ಸೋಲುವುದು ಬಹಳ ಮಟ್ಟಿಗೆ ಈ ಅನುಭವದ ಪುರಾವೆಯಲ್ಲಿ. ಐದಾರು ವರ್ಷ ದುಡಿದವನಿಗೆ ಮಾಲೀಕರು ಕೊಡುವ ಪತ್ರದಲ್ಲಿ ‘ಇವರು ನಮ್ಮಲ್ಲಿ ಆಪರೇಟರ್ ಆಗಿದ್ದರು, ನಡತೆ ಉತ್ತಮ’ ಎಂದಿರುತ್ತದೆ. ನಡತೆ ಉತ್ತಮವಾಗಿರುವುದು ಸಂತೋಷವೇ, ಆದರೆ ಹೋಲಿಕೆ ಮಾಡುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಜರ್ಮನಿಯ ತರಬೇತಿಯವರು ತಾವು ಕಲಿತದ್ದನ್ನು ತರಬೇತಿ ಪುಸ್ತಕದಲ್ಲಿ ಬರೆದು, ತರಬೇತುದಾರರ ಸಹಿ ಪಡೆಯುತ್ತಾರೆ. ಆ ಪುಸ್ತಕವಿಲ್ಲದೆ ಅಂತಿಮ ಪರೀಕ್ಷೆಗೆ ಕೂರಿಸುವುದಿಲ್ಲ. ಇಂಥದ್ದೊಂದು ಪುಸ್ತಕವನ್ನು ಉದ್ಯಮಬಾಗದಲ್ಲಿ ಕೆಲಸಕ್ಕೆ ಸೇರಿದ ದಿನದಿಂದಲೇ ನೀವು ಇಟ್ಟುಕೊಳ್ಳಿ. ‘ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಯಂತ್ರ) ನಡೆಸಿದೆ’ ಎಂದಷ್ಟೇ ಬರೆದರೆ ಸಾಲದು. ಉದಾಹರಣೆಗೆ: ‘ಹೈಡ್ರಾಲಿಕ್ ವಾಲ್ವ್ ಬಾಡಿ, ಎಫ್‌ಜಿ 260 ಕಾಸ್ಟ್ ಐರನ್. ಡ್ರಾಯಿಂಗ್ ನೋಡಿ ಫಿಕ್ಸ್ಚರ್‌ನಲ್ಲಿ ಕಟ್ಟಿ ಡಯಲ್ ಹಿಡಿದೆ. ಸ್ಪೂಲ್ ಬೋರ್ ಅನ್ನು ಹೋನಿಂಗ್‌ಗೆ 0.05 ಮಿ.ಮೀ. ಉಳಿಸಿ ಬೋರಿಂಗ್ ಮಾಡಿದೆ. ಮೊದಲ ಪೀಸನ್ನು ಬೋರ್ ಗೇಜ್‌ನಿಂದ ಅಳೆದು, ಟೂಲ್ ಆಫ್‌ಸೆಟ್ ನಾನೇ ಸರಿಪಡಿಸಿದೆ.’ ಈ ನಾಲ್ಕು ವಾಕ್ಯಗಳಲ್ಲಿ ಡ್ರಾಯಿಂಗ್ ಓದುವುದು, ಸೆಟ್ಟಿಂಗ್, ಅಳತೆ, ತಪ್ಪು ತಿದ್ದುವಿಕೆ ಎಂಬ ನಾಲ್ಕು ಕೌಶಲಗಳು ಕಾಣುತ್ತವೆ, ಮತ್ತು ಜರ್ಮನಿಯ ಪಠ್ಯಕ್ರಮ ಇಂಥ ಕೌಶಲಗಳನ್ನೇ ಪಟ್ಟಿ ಮಾಡುತ್ತದೆ. ವಾರಕ್ಕೊಮ್ಮೆ ಬರೆದು, ತಿಂಗಳಿಗೊಮ್ಮೆ ಸೂಪರ್‌ವೈಸರ್ ಸಹಿ, ಕಂಪನಿಯ ಸೀಲು ಹಾಕಿಸಿಕೊಂಡರೆ, ಕೆಲಸ ಬಿಡುವಾಗ ಅನುಭವ ಪತ್ರವನ್ನು ಆ ಪುಸ್ತಕದ ಆಧಾರದ ಮೇಲೆಯೇ ಬರೆಸಿಕೊಳ್ಳಬಹುದು. ಡ್ರಾಯಿಂಗ್‌ನ ಫೋಟೊ ತೆಗೆದುಕೊಳ್ಳಲು ಮಾತ್ರ ಹೋಗಬೇಡಿ, ಅದು ಗ್ರಾಹಕರ ಸ್ವತ್ತು.

ತರಬೇತಿಯ ನಂತರ ಪದವಿಗೆ ಹೋಗುವ ಮೆಟ್ಟಿಲು ಅಲ್ಲಿ ಸ್ಪಷ್ಟವಾಗಿದೆ. 2009ರಲ್ಲಿ ಜರ್ಮನಿಯ ರಾಜ್ಯಗಳ ಶಿಕ್ಷಣ ಮಂತ್ರಿಗಳು ಒಪ್ಪಿಕೊಂಡಂತೆ, ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ ಮುಗಿಸಿ ಮೂರು ವರ್ಷ ಆ ವೃತ್ತಿಯಲ್ಲಿ ದುಡಿದವರು, ಅರ್ಹತಾ ಪರೀಕ್ಷೆ ಅಥವಾ ಪ್ರಾಯೋಗಿಕ ಓದಿನ ಮೂಲಕ ತಮ್ಮ ವಿಷಯಕ್ಕೆ ಸಂಬಂಧಿಸಿದ ಪದವಿಗೆ ಸೇರಬಹುದು. ‘ಮೈಸ್ಟರ್’, ಅಂದರೆ ನುರಿತ ಕಸುಬುದಾರರ ಉನ್ನತ ಪರೀಕ್ಷೆ, ಪಾಸಾದವರಿಗೆ ಯಾವುದೇ ವಿಷಯದ ಪದವಿ ತೆರೆದಿದೆ. ಅಲ್ಲಿಯ ಅರ್ಹತಾ ಚೌಕಟ್ಟಿನಲ್ಲಿ ಮೈಸ್ಟರ್ ಮತ್ತು ಬ್ಯಾಚುಲರ್ ಪದವಿ ಎರಡೂ ಆರನೆಯ ಹಂತದಲ್ಲಿವೆ. ಎಂಜಿನಿಯರ್ ಎಂದರೆ ಕೋಣೆಯಲ್ಲಿ ಕೂರುವವನು, ಫೋರ್‌ಮನ್ ಎಂದರೆ ಕೆಳಗೆ ನಿಲ್ಲುವವನು ಎಂಬ ನಮ್ಮ ಕಾರ್ಖಾನೆಗಳ ಮೇಲುಕೀಳಿಗೆ ಅಲ್ಲಿಯ ಕಾಗದಪತ್ರದಲ್ಲಾದರೂ ಜಾಗವಿಲ್ಲ.

ತರಬೇತಿ, ಪದವಿ ಎರಡನ್ನೂ ಒಂದೇ ಕಾಲಕ್ಕೆ ಮಾಡುವ ‘ಡುಆಲೆಸ್ ಸ್ಟುಡಿಯುಮ್’ ಕೂಡ ಇದೆ. 1974ರಲ್ಲಿ ಸ್ಟುಟ್‌ಗಾರ್ಟ್ ಮತ್ತು ಮಾನ್‌ಹೈಮ್‌ನಲ್ಲಿ ಮೊಳೆತು, 2009ರಲ್ಲಿ ಬಾಡೆನ್ ವುರ್ಟೆಂಬರ್ಗ್ ರಾಜ್ಯದ ಉನ್ನತ ಶಿಕ್ಷಣ ಸಂಸ್ಥೆಯಾದ ಡಿಎಚ್‌ಬಿಡಬ್ಲ್ಯುನಲ್ಲಿ ಸುಮಾರು ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿ ಎಂಬಂತೆ ಈ ಓದು ಮೂರು ವರ್ಷ ನಡೆಯುತ್ತದೆ. ಕೇಳಲು ಬಹಳ ಚಂದ. ಆದರೆ ಕಂಪನಿಯ ಒಪ್ಪಂದ, ವಿಶ್ವವಿದ್ಯಾಲಯ ಪ್ರವೇಶದ ಅರ್ಹತೆ, ತರಗತಿಯನ್ನು ಜರ್ಮನ್‌ನಲ್ಲಿಯೇ ಅರಗಿಸಿಕೊಳ್ಳುವಷ್ಟು ಭಾಷೆ, ಮೂರೂ ಒಟ್ಟಿಗೆ ಬೇಕು. ಪಿಯುಸಿ ಒಂದರಿಂದಲೇ ಅಲ್ಲಿ ಪ್ರವೇಶದ ಅರ್ಹತೆ ಸಾಮಾನ್ಯವಾಗಿ ಸಿಗುವುದಿಲ್ಲ, ಇಲ್ಲಿ ಒಂದು ವರ್ಷ ಪದವಿ ಓದಿರಬೇಕು ಅಥವಾ ಅಲ್ಲಿ ಪೂರ್ವಸಿದ್ಧತಾ ಕೋರ್ಸ್ ಮಾಡಬೇಕು. ಹಾಗಾಗಿ ನಮ್ಮ ಕಡೆಯ ಹೆಚ್ಚಿನವರಿಗೆ ಮೊದಲು ತರಬೇತಿ, ಆಮೇಲೆ ಪದವಿ ಎಂಬ ಕ್ರಮವೇ ಸುಲಭ ಎಂಬುದು ನನ್ನ ಅಭಿಪ್ರಾಯ.

ಆಸ್ಟ್ರೇಲಿಯ ಮತ್ತು ಉಳಿದ ದೇಶಗಳು

ಆಸ್ಟ್ರೇಲಿಯದಲ್ಲಿ ವೃತ್ತಿ ಶಿಕ್ಷಣವೂ ಪದವಿಯೂ ಹತ್ತು ಹಂತಗಳ ಒಂದೇ ಅರ್ಹತಾ ಚೌಕಟ್ಟಿನೊಳಗಿವೆ: ಡಿಪ್ಲೊಮಾ ಐದನೆಯದು, ಅಡ್ವಾನ್ಸ್ಡ್ ಡಿಪ್ಲೊಮಾ ಆರನೆಯದು, ಬ್ಯಾಚುಲರ್ ಏಳನೆಯದು. ಆರ್‌ಎಂಐಟಿ, ಸ್ವಿನ್‌ಬರ್ನ್‌ನಂಥ ವಿಶ್ವವಿದ್ಯಾಲಯಗಳು ಎರಡನ್ನೂ ಒಂದೇ ಸೂರಿನಡಿ ನಡೆಸುತ್ತವೆ, ಮತ್ತು ಡಿಪ್ಲೊಮಾ ಮುಗಿಸಿದವರಿಗೆ ಪದವಿಯಲ್ಲಿ ಒಂದಿಷ್ಟು ವಿನಾಯಿತಿ ಸಿಗುತ್ತದೆ. ಎರಡೂ ಕೋರ್ಸುಗಳನ್ನು ಜೋಡಿಸಿ ಒಂದೇ ವೀಸಾದಲ್ಲಿ ಓದುವುದೂ ಸಾಧ್ಯ. ಜರ್ಮನಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಹಣದ್ದು: ಆಸ್ಟ್ರೇಲಿಯದಲ್ಲಿ ಹೊರದೇಶದ ವಿದ್ಯಾರ್ಥಿ ಪೂರ್ತಿ ಶುಲ್ಕ ಕಟ್ಟಬೇಕು, ಅದರ ಮೇಲೆ 2024ರ ಮೇ ತಿಂಗಳಿಂದ ಒಂದು ವರ್ಷದ ಜೀವನ ವೆಚ್ಚಕ್ಕೆ 29,710 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು. ಹೊಲದ ಮೇಲೆ ಸಾಲ ಎತ್ತುವ ಮೊದಲು ಈ ಅಂಕಿಯನ್ನು ರೂಪಾಯಿಗೆ ಬದಲಿಸಿ ಮನೆಯವರೆಲ್ಲ ಕುಳಿತು ನೋಡಬೇಕು.

ಬಿ.ಇ. ಇಲ್ಲಿಯೇ ಮುಗಿಸಿ ಹೋಗುವವರು ಕಾಲೇಜು ಆರಿಸುವಾಗ ಕೇಳಬೇಕಾದ ಒಂದು ಪ್ರಶ್ನೆ ಇದೆ, ಕೇಳುವವರು ಕಡಿಮೆ. ಎಂಜಿನಿಯರಿಂಗ್ ಪದವಿಗಳ ಪರಸ್ಪರ ಮನ್ನಣೆಗಾಗಿ ಇರುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾಯಿತು. ಆದರೆ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ‘ಟಿಯರ್ 1’ ಎಂದು ಮಾನ್ಯ ಮಾಡಿದ ಕೋರ್ಸುಗಳಿಗೆ ಮಾತ್ರ ಆ ಮನ್ನಣೆ ಅನ್ವಯಿಸುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಕಚೇರಿ ನಮ್ಮೂರಲ್ಲಿಯೇ ಇದ್ದರೂ, ಅದರ ಅಧೀನದ ಸ್ವಾಯತ್ತವಲ್ಲದ ಕಾಲೇಜುಗಳು ಪಡೆಯುವುದು ‘ಟಿಯರ್ 2’ ಮಾನ್ಯತೆ. ಮಾನ್ಯತೆ ಕಾಲೇಜಿಗೆ ಅಲ್ಲ, ವಿಭಾಗಕ್ಕೆ, ಅದೂ ನಿಗದಿತ ವರ್ಷಗಳಿಗೆ ಇರುವುದರಿಂದ, ಸೇರುವ ವಿಭಾಗದ ಹೆಸರಿನಿಂದಲೇ ಎನ್‌ಬಿಎ ಪಟ್ಟಿಯಲ್ಲಿ ಹುಡುಕಬೇಕು.

ಕ್ರೆಡಿಟ್‌ಗಳ, ಅಂದರೆ ಓದಿನ ಪ್ರಮಾಣವನ್ನು ಗಂಟೆಗಳಲ್ಲಿ ಅಳೆಯುವ ಮಾನದ, ವಿಷಯದಲ್ಲಿ ಅವಸರದ ಲೆಕ್ಕ ಬೇಡ. ನಮ್ಮ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ವರ್ಷ ಎಂದರೆ 1200 ಗಂಟೆ ಮತ್ತು 40 ಕ್ರೆಡಿಟ್. ಯುರೋಪಿನ ಪದ್ಧತಿಯಲ್ಲಿ ಒಂದು ವರ್ಷಕ್ಕೆ 60 ಕ್ರೆಡಿಟ್, ಗಂಟೆಗಳು 1500ರಿಂದ 1800. ಆದ್ದರಿಂದ ಅಂಕಪಟ್ಟಿಯ ಜೊತೆ ಪ್ರತಿ ವಿಷಯದ ಪಠ್ಯಕ್ರಮವನ್ನೂ ಕಾಲೇಜಿನ ಸೀಲಿನೊಡನೆ ಇಟ್ಟುಕೊಳ್ಳಿ, ವಿನಾಯಿತಿ ನಿರ್ಧಾರವಾಗುವುದು ಅದನ್ನು ಓದಿ.

ಸ್ವಿಟ್ಜರ್ಲೆಂಡ್ 1990ರ ದಶಕದಿಂದ ತರಬೇತಿಯ ಜೊತೆಗೇ ಪದವಿ ಪ್ರವೇಶದ ಅರ್ಹತೆ ಕೊಡುತ್ತಿದೆ, ಬ್ರಿಟನ್ 2015ರಿಂದ ಸಂಬಳದೊಂದಿಗೆ ಪದವಿ ಕೊಡುವ ಅಪ್ರೆಂಟಿಸ್‌ಶಿಪ್ ನಡೆಸುತ್ತಿದೆ. ಎರಡೂ ಬಹುಮಟ್ಟಿಗೆ ಅಲ್ಲಿಯೇ ನೆಲೆಸಿದವರಿಗೆ ಇರುವ ಅವಕಾಶಗಳು. ಅವುಗಳ ಜಾಹೀರಾತು ನೋಡಿ ಇಲ್ಲಿಂದ ಯಾರೂ ಲೆಕ್ಕ ಹಾಕಬಾರದು.

ಭಾಷೆ ಮತ್ತು ದಲ್ಲಾಳಿ

ಜರ್ಮನ್ ಬಿ1 ಮಟ್ಟಕ್ಕೆ ಕೆಲಸ ಮಾಡುತ್ತಲೇ ಕಲಿಯುವವರಿಗೆ ಒಂದು ವರ್ಷವಾದರೂ ಹಿಡಿಯುತ್ತದೆ. ಜರ್ಮನ್ ಕಲಿಸುವ ಗೊಯೆಟೆ ಸಂಸ್ಥೆಯ ಕೇಂದ್ರಗಳು ಬೆಂಗಳೂರು ಮತ್ತು ಪುಣೆಯಲ್ಲಿವೆ, ನಮಗೆ ಪುಣೆಯೇ ಹತ್ತಿರ. ಡಿಪ್ಲೊಮಾದ ಕೊನೆಯ ವರ್ಷ ಅಥವಾ ಅಪ್ರೆಂಟಿಸ್‌ಶಿಪ್‌ನ ವರ್ಷ ಇದಕ್ಕೆ ಸರಿಯಾದ ಕಾಲ. ಪದವಿ ಓದಲು ಹೋಗುವವರಾದರೆ 2022ರ ನವೆಂಬರ್‌ನಿಂದ ವಿದ್ಯಾರ್ಥಿ ವೀಸಾಕ್ಕೆ, ನಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕಾಗಿದೆ. ಅದಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹಾಕಿ.

ಆಸ್‌ಬಿಲ್ಡುಂಗ್ ಹೆಸರಿನಲ್ಲಿ ಲಕ್ಷಗಟ್ಟಲೆ ಹಣ ಕೇಳುವವರು ಈಗ ತಾಲ್ಲೂಕು ಮಟ್ಟದಲ್ಲಿಯೂ ಇದ್ದಾರೆ. ಭಾಷಾ ತರಗತಿ, ಅನುವಾದ, ವೀಸಾ ಶುಲ್ಕಗಳಿಗೆ ಖರ್ಚು ಇದ್ದೇ ಇದೆ, ಅವುಗಳಿಗೆ ರಸೀದಿಯೂ ಸಿಗುತ್ತದೆ. ಆದರೆ ತರಬೇತಿಯ ಸೀಟಿಗೆ ಜರ್ಮನಿಯ ಕಂಪನಿ ಹಣ ಪಡೆಯುವುದಿಲ್ಲ, ಅದು ನಿಮಗೇ ವೇತನ ಕೊಡುತ್ತದೆ. ಯಾರಾದರೂ ಸೀಟಿನ ಹಣ ಎಂದು ಕೇಳಿದರೆ, ಒಪ್ಪಂದದ ಪ್ರತಿಯಲ್ಲಿ ಕಂಪನಿಯ ಹೆಸರು, ವೃತ್ತಿಯ ಹೆಸರು, ತಿಂಗಳ ವೇತನ, ತರಬೇತಿಯ ಆರಂಭದ ದಿನಾಂಕ ಮತ್ತು ಸ್ಥಳೀಯ ವಾಣಿಜ್ಯ ಮಂಡಳಿಯ ನೋಂದಣಿ ಇವೆಯೇ ನೋಡಿ, ಕಂಪನಿಗೆ ನೀವೇ ಪತ್ರ ಬರೆದು ಖಚಿತಪಡಿಸಿಕೊಳ್ಳಿ. ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ, ಮೂಲ ಅಂಕಪಟ್ಟಿಗಳನ್ನಂತೂ ಯಾರ ಕೈಗೂ ಒಪ್ಪಿಸಬೇಡಿ.