ಕೋಲಾರದ ಟೆರೇಸ್ ಮೇಲೆ ಬಿಸಿ ಮುದ್ದೆ: ರೂಫ್‌ಟಾಪ್ ಹೋಟೆಲ್ ನಡೆಸುವ ನನ್ನ ಅನುಭವ

ಟೆರೇಸ್ ಮೇಲೆ ಹೋಟೆಲ್ ಮಾಡಬೇಕು ಎಂದು ಬರುವವರು ಮೊದಲು ಕೇಳುವುದು ಲೈಟಿಂಗ್ ಯಾರ ಹತ್ತಿರ ಮಾಡಿಸಿದಿರಿ, ಸೋಫಾ ಎಲ್ಲಿಂದ ತಂದಿರಿ ಅಂತ. ಅವೆರಡೂ ಕೊನೆಗೆ ಬರುವ ಮಾತು. ಮೂರು ಮಹಡಿ ಮೇಲಿನ ಹೋಟೆಲ್ ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಗಾಳಿ ಮತ್ತು ಮೆಟ್ಟಿಲು. ಅಂತರಗಂಗೆ ಬೆಟ್ಟ ಕಾಣುತ್ತೆ ಅಂತ ಜನ ಒಂದು ಸಲ ಬರುತ್ತಾರೆ. ಊಟ ಬಿಸಿಯಾಗಿ ಸಿಕ್ಕರೆ ಮುಂದಿನ ವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತಾರೆ. ನಮ್ಮ ಮೆನು, ಕುರ್ಚಿ, ದೀಪ ಎಲ್ಲವನ್ನೂ ಈ ಒಂದು ಲೆಕ್ಕದ ಮೇಲೇ ಜೋಡಿಸಿದ್ದೇವೆ.

ಆದರೆ ಅದಕ್ಕೂ ಮೊದಲು ಮೋಲ್ಡು, ಅಂದರೆ ಟೆರೇಸಿನ ಕಾಂಕ್ರೀಟ್ ಚಾವಣಿ. ಜನ ಓಡಾಡುವ ಟೆರೇಸಿಗೆ, ಕಟ್ಟಡ ಎಷ್ಟು ಭಾರ ತಡೆಯಬೇಕೆಂದು ಹೇಳುವ ಭಾರತೀಯ ಮಾನಕ ಐಎಸ್ 875 ಸಂಹಿತೆಯ ಎರಡನೇ ಭಾಗ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಹೋಟೆಲಿನ ಊಟದ ಹಾಲಿಗೆ ಅದೇ ಸಂಹಿತೆ ಕೇಳುವುದು ಸುಮಾರು 400 ಕೆಜಿ. ಮನೆ ಅಂತ ಕಟ್ಟಿದ ಕಟ್ಟಡದ ಮೇಲೆ ಟೇಬಲ್ ಹಾಕುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಬೀಮು, ಕಾಲಂ, ಕಂಬಿ ಲೆಕ್ಕ ತೆಗೆಸಲೇಬೇಕು. ಮೇಸ್ತ್ರಿ "ಏನೂ ಆಗಲ್ಲ ಬಿಡಿ ಸಾರ್" ಅಂದರೆ ಅದು ಲೆಕ್ಕವಲ್ಲ. ಫೋಟೋ ಚೆನ್ನಾಗಿ ಬರುತ್ತೆ ಅಂತ ಹುಲ್ಲುಹಾಸು ಮಾಡಿಸುವವರು ಇದನ್ನು ಗಮನಿಸಬೇಕು: ನೆನೆದ ಮಣ್ಣು ಆರು ಇಂಚು ಹರಡಿದರೆ ಚದರ ಮೀಟರಿಗೆ 250 ಕೆಜಿ ದಾಟುತ್ತದೆ. ಒಬ್ಬ ಗಿರಾಕಿಯೂ ಹತ್ತುವ ಮೊದಲೇ ಟೆರೇಸಿನ ಶಕ್ತಿ ಮುಗಿದಿರುತ್ತದೆ. ಸಾವಿರ ಲೀಟರ್ ಸಿಂಟೆಕ್ಸ್ ಅಂದರೆ ಒಂದು ಟನ್, ಅದು ಕಾಲಂ ತಲೆಯ ಮೇಲೇ ಕೂರಬೇಕು. ಗಿಡ ಬೇಕೆಂದರೆ ಕೋಕೋಪೀಟ್ ತುಂಬಿದ ಕುಂಡಗಳನ್ನು ಬೀಮಿನ ಗುಂಟ ಇಡಿ, ಸಾಕು.

ಪೇಟೆ ಒಳಗೆ ಜಾಗ ನೋಡುವವರಿಗೆ ಇನ್ನೊಂದು ಮಾತು. ಸೋಮೇಶ್ವರ ಗುಡಿಯ ಗೋಪುರ ಕಾಣುವ ಟೆರೇಸ್ ಸಿಕ್ಕರೆ ಯಾರಿಗಾದರೂ ಆಸೆಯಾಗುತ್ತದೆ. ಸೋಮೇಶ್ವರ, ಕೋಲಾರಮ್ಮ ಎರಡೂ ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಸ್ಮಾರಕ ಸಂರಕ್ಷಣಾ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ ಅವುಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಟೆರೇಸ್ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದೂ ಕಟ್ಟಡವೇ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು, ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನವೇ ದೂರ ಅಳೆಸಿ. ಉಳಿದಂತೆ ನಗರಸಭೆಯ ಉದ್ದಿಮೆ ಪರವಾನಗಿ, ಆಹಾರ ಸುರಕ್ಷತಾ ಪರವಾನಗಿ ಎಲ್ಲ ಹೋಟೆಲಿಗೂ ಇರುವಂಥವೇ.

ನೋಟದ ವಿಷಯಕ್ಕೆ ಬಂದರೆ, ಹೆಚ್ಚಿನವರು ಮರೆಯುವುದು ಕೂತವರ ಕಣ್ಣಿನ ಎತ್ತರ. ಹದಿನೆಂಟು ಇಂಚಿನ ಕುರ್ಚಿ ಮೇಲೆ ಕೂತವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿಗೆ ಬರುತ್ತದೆ. ಸುರಕ್ಷತೆಗೆಂದು ನಾಲ್ಕಡಿ ಇಟ್ಟಿಗೆ ಗೋಡೆ ಎತ್ತಿದರೆ ನಿಂತವರಿಗೆ ಬೆಟ್ಟ, ಕೂತವರಿಗೆ ಗೋಡೆ. ನಾವು ಇಟ್ಟಿಗೆಯನ್ನು ಎರಡೂವರೆ ಅಡಿಗೆ ನಿಲ್ಲಿಸಿ, ಅದರ ಮೇಲೆ ನಾಲ್ಕೂವರೆ ಅಡಿವರೆಗೆ ನೆಟ್ಟಗೆ ನಿಂತ ಕಂಬಿ ಹಾಕಿದ್ದೇವೆ. ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಕಡಿಮೆ ಸಂದು, ಅಡ್ಡ ಕಂಬಿ ಇಲ್ಲವೇ ಇಲ್ಲ. ಅಡ್ಡ ಕಂಬಿ ಇದ್ದರೆ ಮಕ್ಕಳು ಏಣಿ ಹತ್ತಿದಂತೆ ಹತ್ತಿಬಿಡುತ್ತಾರೆ. ಗೋಡೆಗೆ ಒತ್ತಿ ಕುರ್ಚಿ, ಬೆಂಚು ಯಾವುದನ್ನೂ ಇಡುವುದಿಲ್ಲ, ಕಾರಣ ಅದೇ. ಹಿಂದಿನ ಸಾಲಿಗೆ ಒಂದಡಿ ಎತ್ತರದ ಕಟ್ಟೆ ಮಾಡಿದರೆ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ಜಾಗದ ಲೆಕ್ಕ ಒಬ್ಬರಿಗೆ 20 ಚದರಡಿ. ನಲವತ್ತು-ಅರವತ್ತರ ಸೈಟಿನಲ್ಲಿ ಮೆಟ್ಟಿಲು ಕೋಣೆ, ಟ್ಯಾಂಕು, ಬಡಿಸುವ ಕಟ್ಟೆ, ಟಾಯ್ಲೆಟ್ ಕಳೆದರೆ ಐವತ್ತು ಸೀಟು ಕೂರುತ್ತವೆ, ಅದಕ್ಕಿಂತ ತುರುಕಬಾರದು. ಟಾಯ್ಲೆಟ್ ಟೆರೇಸಿನಲ್ಲೇ ಇರಬೇಕು, ವಯಸ್ಸಾದವರನ್ನು ಅದಕ್ಕಾಗಿ ಕೆಳಗೆ ಕಳಿಸುವುದು ಸರಿಯಲ್ಲ.

ಬೆಟ್ಟ ಇರುವುದು ಪೇಟೆಯ ಪಶ್ಚಿಮಕ್ಕೆ. ಹಾಗಾಗಿ ಕ್ಯಾಲೆಂಡರಿನ ಸೂರ್ಯಾಸ್ತದ ಸಮಯ ನಮಗೆ ಉಪಯೋಗಕ್ಕೆ ಬರುವುದಿಲ್ಲ. ನವೆಂಬರ್‌ನಲ್ಲಿ 5:50ರ ಸುಮಾರಿಗೆ, ಜುಲೈ ಮೊದಲ ವಾರದಲ್ಲಿ 6:50ರ ಹತ್ತಿರ ಸೂರ್ಯ ಮುಳುಗುತ್ತಾನೆ ಅನ್ನುವುದು ಬಯಲಿನ ಲೆಕ್ಕ. ಕಲ್ಲುಬೆಟ್ಟದ ಹಿಂದೆ ಅವನು ಇನ್ನೂ ಮೊದಲೇ ಮರೆಯಾಗುತ್ತಾನೆ. ಎಷ್ಟು ಮೊದಲು ಅಂತ ತಿಳಿಯಲು ಕೈಯನ್ನು ನೇರ ಚಾಚಿ ಮುಷ್ಟಿ ಕಟ್ಟಿ, ಕಣ್ಣಿನ ಮಟ್ಟದಿಂದ ಬೆಟ್ಟದ ನೆತ್ತಿವರೆಗೆ ಅಳೆಯಿರಿ. ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ, ನಮ್ಮ ಅಕ್ಷಾಂಶದಲ್ಲಿ ಅದನ್ನು ಇಳಿಯಲು ಸೂರ್ಯನಿಗೆ ನಲವತ್ತು ನಿಮಿಷ ಬೇಕು. ಅರ್ಧ ಮುಷ್ಟಿ ಬಂದರೆ ಇಪ್ಪತ್ತು ನಿಮಿಷ. ಇದನ್ನು ಕಳೆದು ಟೇಬಲ್ ಬುಕಿಂಗ್ ಸಮಯ ಹೇಳಿದರೆ "ಸೂರ್ಯಾಸ್ತ ಅಂದ್ರಿ, ಬರೋ ಹೊತ್ತಿಗೆ ಮುಗಿದಿತ್ತಲ್ಲಣ್ಣ" ಅನ್ನುವ ಮಾತು ಕೇಳಬೇಕಾಗಿಲ್ಲ. ಬಂಡೆ ಮೇಲೆ ಬಣ್ಣ ತಿರುಗುವ ಆ ಹೊತ್ತಿಗೆ ಕಾಫಿ, ಬೋಂಡಾ, ಮಸಾಲೆ ಕಡ್ಲೆಕಾಯಿ ಟೇಬಲ್ ಮೇಲಿರಬೇಕು. ಊಟದ ಆರ್ಡರ್ ಆಮೇಲೆ.

ಕತ್ತಲಾದ ಮೇಲೆ ಬೆಟ್ಟ ಹೋಗಿ ಊರಿನ ದೀಪಗಳು ಉಳಿಯುತ್ತವೆ. ಅವು ಕಾಣಬೇಕಾದರೆ ನಮ್ಮ ದೀಪ ಕಡಿಮೆ ಇರಬೇಕು. ಬಿಳಿ ಟ್ಯೂಬ್‌ಲೈಟ್ ಕೆಳಗೆ ಕೂತ ಕಣ್ಣಿಗೆ ಹೊರಗಡೆ ಎಲ್ಲ ಕಪ್ಪು. 2700 ಕೆಲ್ವಿನ್ ಹಳದಿ ಬಲ್ಬು, ಬೆಳಕು ತಟ್ಟೆ ಮೇಲೆ ಮಾತ್ರ ಬೀಳುವಂತೆ ಮೇಲೊಂದು ಮುಚ್ಚಳ, ಕಣ್ಣಿಗೆ ನೇರ ಹೊಡೆಯದಷ್ಟು ತಗ್ಗು. ತಟ್ಟೆಯಲ್ಲಿರುವ ಮೀನಿನ ಮುಳ್ಳು ಕಾಣುವಷ್ಟು ಬೆಳಕು ಇದ್ದೇ ಇರಬೇಕು. ಗಾಜಿನ ತಡೆ ಹಾಕಿದವರಿಗೆ ಇನ್ನೊಂದು ತೊಂದರೆ: ಒಳಗಿನ ದೀಪ ಗಾಜಿನಲ್ಲಿ ಪ್ರತಿಫಲಿಸಿ, ಊರಿನ ಬದಲು ತಮ್ಮ ಮುಖವೇ ಕಾಣುತ್ತದೆ. ಹೊರಗಡೆ ಹಾಕುವ ಪ್ರತಿ ದೀಪ, ಪ್ಲಗ್ಗು ಧೂಳು, ನೀರು ಒಳಗೆ ಬಿಡದ ಐಪಿ 65 ದರ್ಜೆಯದೇ ಆಗಿರಬೇಕು. ಇಡೀ ಟೆರೇಸಿನ ವೈರಿಂಗಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಕಡ್ಡಾಯ.

ಈಗ ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಅದು ಬೀಸುವುದು ಪಶ್ಚಿಮದಿಂದ, ಅಂದರೆ ಬೆಟ್ಟ ನೋಡುತ್ತ ಕೂತವರ ಮುಖಕ್ಕೇ. ಪೂರ್ತಿ ಗೋಡೆಯೋ ಗಾಜೋ ಅಡ್ಡ ನಿಲ್ಲಿಸಿದರೆ ಗಾಳಿ ಅದರ ಮೇಲೆ ಹಾರಿ ಟೇಬಲ್ ಮೇಲೆ ಸುತ್ತಿ ಬೀಳುತ್ತದೆ. ಅರ್ಧದಷ್ಟು ತೂತಿರುವ ಜಾಲಿ ಅದಕ್ಕಿಂತ ಚೆನ್ನಾಗಿ ವೇಗ ಮುರಿಯುತ್ತದೆ. ನೈರುತ್ಯ ಮೂಲೆಗೆ ಮಾತ್ರ ಜಾಲಿ ಕಟ್ಟಿ ನೇರ ಪಶ್ಚಿಮವನ್ನು ಬಿಟ್ಟಿದ್ದೇವೆ. ದೊಡ್ಡ ಛತ್ರಿಗಳಿಗೆ ಆಷಾಢದಲ್ಲಿ ರಜೆ. ಎಷ್ಟೇ ಭಾರದ ಬುಡ ಇದ್ದರೂ ಒಂದು ಬಿರುಗಾಳಿಗೆ ಛತ್ರಿ ಪಕ್ಕದ ರಸ್ತೆಗೆ ಬಿದ್ದರೆ ಯಾರ ತಲೆ ಮೇಲೆ ಬೀಳುತ್ತದೋ ಹೇಳಲಾಗದು.

ಗಾಳಿ ಆಹಾರಕ್ಕೆ ಮಾಡುವ ಹಾನಿಯೇ ದೊಡ್ಡದು. ಮಸಾಲೆ ದೋಸೆ ತೆಳ್ಳಗೆ, ಅಗಲವಾಗಿ ಹರಡಿರುತ್ತದೆ. ಕೆಳಗಿನಿಂದ ಮೇಲೆ ಬರುವಷ್ಟರಲ್ಲಿ ಗರಿ ಹೋಗಿ ಮೆತ್ತಗಾಗುತ್ತದೆ. ಅದಕ್ಕೇ ದೋಸೆ ಮಾರುವುದಾದರೆ ಕಾವಲಿಯನ್ನು ಟೆರೇಸಿಗೇ ತನ್ನಿ, ಇಲ್ಲದಿದ್ದರೆ ಮೆನುವಿನಿಂದ ತೆಗೆಯಿರಿ. ಟೆರೇಸಿಗೆ ಹೇಳಿ ಮಾಡಿಸಿದ ಊಟ ನಮ್ಮ ಮುದ್ದೆ. ಉಂಡೆಯಾಗಿರುವುದರಿಂದ ಒಳಗಿನ ಬಿಸಿ ಬೇಗ ಬಿಡುವುದಿಲ್ಲ. ಆದರೆ ಅದಕ್ಕೂ ಒಂದು ಕ್ರಮವಿದೆ. ಒಂದು ಕೆಜಿ ರಾಗಿ ಹಿಟ್ಟಿಗೆ ಎರಡರಿಂದ ಎರಡೂಕಾಲು ಲೀಟರ್ ನೀರು, 250 ಗ್ರಾಂನ ಹನ್ನೊಂದು ಮುದ್ದೆ ಆಗುತ್ತವೆ. ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿ, ಕುದಿ ಬಂದಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಹಿಟ್ಟಿನ ನಡುವಿನಿಂದ ಕುದಿ ಎದ್ದು ಬಂದ ಮೇಲಷ್ಟೇ ಮುದ್ದೆಕೋಲು. ಅವಸರಕ್ಕೆ ಮೊದಲೇ ತೊಳಸಿದರೆ ಒಳಗೆ ಹಸಿ ಹಿಟ್ಟಿನ ಗಂಟು ಉಳಿಯುತ್ತದೆ. ಕಟ್ಟಿದ ಮುದ್ದೆಗಳನ್ನು ಹಾಟ್‌ಬಾಕ್ಸಿನಲ್ಲಿಡುವಾಗ ತಳಕ್ಕೆ ಒದ್ದೆ ಮಾಡಿ ಹಿಂಡಿದ ಬಟ್ಟೆ, ಮುಚ್ಚಳದ ಕೆಳಗೆ ಒಣ ಬಟ್ಟೆ. ಮೇಲಿನ ಬಟ್ಟೆ ಇಲ್ಲದಿದ್ದರೆ ಆವಿ ಹನಿಯಾಗಿ ಬಿದ್ದು ಮುದ್ದೆ ಮೇಲ್ಮೈ ಅಂಟಂಟಾಗುತ್ತದೆ, ತಳದ ಬಟ್ಟೆ ಒಣಗಿದ್ದರೆ ಬುಡ ಗಟ್ಟಿಯಾಗುತ್ತದೆ. ಮುಕ್ಕಾಲು ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಹೊಸದಾಗಿ ತೊಳಸಬೇಕು. ತೆರೆದ ತಟ್ಟೆಯಲ್ಲಿ ಗಾಳಿಗೆ ನಿಮಿಷಗಳಲ್ಲೇ ಪೊರೆ ಕಟ್ಟುತ್ತದೆ, ಹಾಗಾಗಿ ಸಪ್ಲೈಯರ್ ಮೊದಲು ಸಾರಿನ ಬಟ್ಟಲು ಇಟ್ಟು, ಮುದ್ದೆಯನ್ನು ಕೊನೆಗೆ ಇಟ್ಟು, ಮೇಲೆ ತುಪ್ಪ ಸವರಿಯೇ ಹೋಗಬೇಕು. ಡಿಸೆಂಬರ್–ಜನವರಿಯಲ್ಲಿ ಹಿತಕವರೆ ಸಾರು, ಉಳಿದ ಕಾಲಕ್ಕೆ ಬಸ್ಸಾರು, ನಾಟಿ ಕೋಳಿ ಸಾರು. ಸಾರಿಗೆ ಮೇಲೊಂದು ಬಿಸಿನೀರಿನ ತೊಟ್ಟಿಯ ಕೌಂಟರ್ ಇಟ್ಟು 70 ಡಿಗ್ರಿಯಲ್ಲಿ ಕಾಯ್ದಿರಿಸುತ್ತೇವೆ. 60ಕ್ಕಿಂತ ಕೆಳಗಿಳಿಯಬಾರದು ಅನ್ನುವುದು ಆಹಾರ ಸುರಕ್ಷತೆಯ ನಿಯಮವೂ ಹೌದು.

ಗಾಳಿಗೆ ಹಾರದಂತೆ ಹಪ್ಪಳವನ್ನು ಎತ್ತರದ ಲೋಟದಲ್ಲಿ ನಿಲ್ಲಿಸಿ ಕೊಡಿ. ಬಾಳೆಲೆಯನ್ನು ಸ್ಟೀಲ್ ತಟ್ಟೆಯ ಅಳತೆಗೆ ಕತ್ತರಿಸಿ. ಮೆನುವನ್ನು ಪ್ಲೈವುಡ್ ಹಲಗೆಗೆ ಅಂಟಿಸಿ.

ಮೂರು ಮಹಡಿ ಅಂದರೆ ಸುಮಾರು 60 ಮೆಟ್ಟಿಲು. ಅಡುಗೆಮನೆ ನೆಲಮಹಡಿಯಲ್ಲಿದ್ದರೆ ಒಳ್ಳೆಯ ಸಪ್ಲೈಯರ್ ಹುಡುಗರು ತಿಂಗಳೂ ನಿಲ್ಲುವುದಿಲ್ಲ. ನಾವು ಟೆರೇಸಿನ ನೇರ ಕೆಳಗಿನ ಮಹಡಿಗೆ ಅಡುಗೆಮನೆ ತಂದು, 100 ಕೆಜಿ ಎತ್ತುವ ಸಣ್ಣ ಲಿಫ್ಟ್ ಹಾಕಿದ್ದೇವೆ. ಲಿಫ್ಟಿನಲ್ಲಿ ಚೆಲ್ಲದಂತೆ ಪಾತ್ರೆಗೆ ಸಾರು ಮುಕ್ಕಾಲು ಮಾತ್ರ ತುಂಬಬೇಕು. ಎಂಜಲು ತಟ್ಟೆ ಆ ಲಿಫ್ಟಿನಲ್ಲಿ ಇಳಿಯಬಾರದು, ಅದಕ್ಕೆ ಕ್ರೇಟು, ಮೆಟ್ಟಿಲು. ಒಲೆಯಿಂದ ಟೇಬಲಿಗೆ ನಾಲ್ಕು ನಿಮಿಷದ ಗಡುವು. ಲಿಫ್ಟ್ ಮೇಲೆ ಬಂದಾಗ ಗಂಟೆ ಹೊಡೆಯುವಂತೆ ಮಾಡಿದರೆ ಅದು ಸಾಧ್ಯ.

ಬೆಂಕಿಯ ವಿಷಯದಲ್ಲಿ ರಾಜಿ ಇಲ್ಲ. 2017ರ ಡಿಸೆಂಬರ್‌ನಲ್ಲಿ ಮುಂಬೈಯ ಕಮಲಾ ಮಿಲ್ಸ್ ಆವರಣದ ಮೇಲ್ಮಹಡಿ ಹೋಟೆಲಿನಲ್ಲಿ 14 ಜನ ಸತ್ತರು. ಅಲ್ಲಿ ಬೆಂಕಿ ಹಬ್ಬಲು ದಾರಿಯಾದದ್ದು ಬಿದಿರು, ಟಾರ್ಪಾಲಿನ್ ಹೊದಿಕೆ. ಹಾಗಾಗಿ ಸೋಗೆ, ಬಿದಿರು, ಪ್ಲಾಸ್ಟಿಕ್ ಹುಲ್ಲು, ಪ್ಲಾಸ್ಟಿಕ್ ಬಳ್ಳಿ ಯಾವುದೂ ಬೇಡ. 19 ಕೆಜಿ ಸಿಲಿಂಡರುಗಳು ನೆಲದ ಮೇಲೆ ಹೊರಗಡೆ ಜಾಲರಿ ಗೂಡಿನಲ್ಲಿರಲಿ, ಗ್ಯಾಸ್ ಪೈಪಿನಲ್ಲಿ ಮೇಲೆ ಬರಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಟೆರೇಸಿನಲ್ಲಿ ಸೋರಿದರೆ ಮೆಟ್ಟಿಲು ಹಿಡಿದು ಇಳಿಯುತ್ತದೆ, ಜನ ಓಡಿ ಇಳಿಯಬೇಕಾದ ದಾರಿಯೂ ಅದೇ. ಇಳಿಯಲು ಎರಡು ಮೆಟ್ಟಿಲು ಬೇಕು, ಎರಡನೆಯದು ಹೊರಗಿನ ಕಬ್ಬಿಣದ್ದಾದರೂ ಸರಿ. ಬಯಲಲ್ಲಿ ಸಿಒ2 ನಂದಕದ ಅನಿಲ ಗಾಳಿಗೆ ಚದುರಿಹೋಗುತ್ತದೆ, ಟೆರೇಸಿನಲ್ಲಿ ಎಬಿಸಿ ಪೌಡರ್ ನಂದಕ, ಎಣ್ಣೆ ಬಾಣಲಿಯ ಹತ್ತಿರ ಅಡುಗೆ ಎಣ್ಣೆಯ ಬೆಂಕಿಗೇ ಇರುವ ಕೆ ದರ್ಜೆಯದು ಇಡಿ. ಹುಕ್ಕಾ ಕೇಳುವ ಹುಡುಗರಿಗೆ ಇಲ್ಲ ಅನ್ನಿ, 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಅದು ನಿಷೇಧ. ಗೋಬಿಗೆ, ಕಬಾಬಿಗೆ ಕೃತಕ ಬಣ್ಣವೂ ಅದೇ ವರ್ಷ ನಿಷೇಧವಾಯಿತು. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿದರೆ ಕಬಾಬಿಗೆ ಬೇಕಾದಷ್ಟು ಕೆಂಪು ಬರುತ್ತದೆ.

ಏಪ್ರಿಲ್–ಮೇ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಳೆ ಸಂಜೆಗೇ ಬರುತ್ತದೆ. ಅರ್ಧ ಟೆರೇಸಿಗೆ ಶೀಟು, ಅರ್ಧ ತೆರೆದದ್ದು ಇರಲಿ. ಬುಕಿಂಗ್ ತೆಗೆದುಕೊಳ್ಳುವುದು ಶೀಟಿನ ಕೆಳಗಿನ ಸೀಟುಗಳ ಲೆಕ್ಕಕ್ಕೆ ಮಾತ್ರ. ಗುಡುಗಿನ ಸದ್ದು ಕೇಳಿದ ಕೂಡಲೇ, ಹನಿ ಬೀಳದಿದ್ದರೂ, ಎಲ್ಲರನ್ನೂ ಕೆಳಗಿಳಿಸಿ. ಸಿಡಿಲು ಮಳೆಗೆ ಕಾಯುವುದಿಲ್ಲ. ಮೊದಲ ಮಳೆಯ ಮರುಸಂಜೆ ರೆಕ್ಕೆ ಹುಳುಗಳು ಏಳುತ್ತವೆ. ಆಗ ಊಟದ ಜಾಗದ ದೀಪ ತಗ್ಗಿಸಿ, ದೂರದ ಮೂಲೆಯಲ್ಲಿ ಒಂದು ಬಿಳಿ ದೀಪ ಹಚ್ಚಿ, ಕೆಳಗೆ ನೀರಿನ ಬೇಸಿನ್ ಇಟ್ಟರೆ ಹುಳುಗಳೆಲ್ಲ ಆ ಕಡೆ ಹೋಗುತ್ತವೆ.

ರಾತ್ರಿ 10ಕ್ಕೆ ಸ್ಪೀಕರ್ ಬಂದ್, 2000ದ ಶಬ್ದ ಮಾಲಿನ್ಯ ನಿಯಮ ಹೇಳುವುದು ಅದನ್ನೇ. ಟೆರೇಸಿನ ಹಾಡು ಅಕ್ಕಪಕ್ಕದ ಮನೆಗಳ ಮಲಗುವ ಕೋಣೆಗೆ ನೇರ ಇಳಿಯುತ್ತದೆ, ಹತ್ತರ ಮೊದಲೂ ಸ್ಪೀಕರ್ ಮುಖ ಒಳಕ್ಕೇ ತಿರುಗಿರಲಿ. ಬಾಗಿಲು ಹಾಕುವ ಮುನ್ನ ನೆಲಮಹಡಿಯ ಗ್ಯಾಸ್ ವಾಲ್ವ್ ಮುಚ್ಚಿ, ಕುರ್ಚಿಗಳನ್ನು ಸರಪಳಿಗೆ ಕಟ್ಟಿ, ಮಳೆನೀರಿನ ಕಿಂಡಿಗಳ ಜಾಲರಿಯಿಂದ ಟಿಶ್ಯೂ, ಎಲೆ, ಅನ್ನದಗುಳು ಬಳಿದು ತೆಗೆಯಬೇಕು. ಒಂದು ಕಿಂಡಿ ಕಟ್ಟಿಕೊಂಡರೂ ರಾತ್ರಿ ಮಳೆಗೆ ಟೆರೇಸಿನಲ್ಲಿ ನೀರು ನಿಂತು, ಬೆಳಗ್ಗೆ ಕೆಳಗಿನ ಅಡುಗೆಮನೆಯ ಸೂರು ಸೋರಿರುತ್ತದೆ.